ಕುಂಚವಲ್ಲದ ಕುಂಚ

ಕೊಳ್ಳೇಗಾಲದಿಂದ ಮಳವಳ್ಳಿಯ ದಾರಿ ಹಿಡಿದು ಸತ್ತೇಗಾಲವನ್ನು ಹಾಯ್ದವರಿಗೆ ಕಾವೇರಿ ಎರಡು ಕವಲಾಗಿ ಒಡೆಯುವ ತಾಣ ಸಿಗುತ್ತದೆ. ಒಂದು ಕವಲು ಗಗನಚುಕ್ಕಿ, ಮತ್ತೊಂದು ಭರಚುಕ್ಕಿ. ನಡುವಣ ದ್ವೀಪದಲ್ಲಿ ಮಧ್ಯರಂಗನ ಗುಡಿ. ಅಲ್ಲಿ 1902ನೆಯ ಇಸವಿ ಜೂನ್ 30ರಂದು ಚಾಲನೆಗೊಂಡ ವಿದ್ಯುದಾಗಾರದ ಕಥೆಯನ್ನು ನಾವೆಲ್ಲರೂ ಶಾಲೆಯ ಪುಸ್ತಕದಲ್ಲಿ ಓದಿದವರೇ. ಓದಿದ್ದರಲ್ಲಿ ಒಂದು ಮಾತು ಮಾತ್ರ ಎಲ್ಲರ ನಾಲಗೆಯ ಮೇಲೆ ನೆಲೆನಿಂತಿದೆ: ಏಷ್ಯಾ ಖಂಡದಲ್ಲೇ ಮೊದಲ ಜಲವಿದ್ಯುದಾಗಾರ ಅದು ಎಂದು. ಅಭಿಮಾನದ ಮಾತು, ಆದರೆ ನಿಜವಲ್ಲ. ಜಪಾನಿನ ಕ್ಯೋಟೋ ನಗರದ ಕೆಆಗೆ ವಿದ್ಯುದಾಗಾರ 1891ರಲ್ಲೇ ಕೆಲಸ ಆರಂಭಿಸಿತ್ತು. ನಮ್ಮ ದೇಶದಲ್ಲೇ ಡಾರ್ಜಿಲಿಂಗಿನ ಸಿದ್ರಾಪೊಂಗ್ ಎಂಬಲ್ಲಿ 1897ರಲ್ಲಿ ನೀರಿನಿಂದ ದೀಪ ಹೊತ್ತಿತ್ತು.

ಶಿವನಸಮುದ್ರದ ಹಿರಿಮೆ ಬೇರೆಡೆಯಲ್ಲಿದೆ. ಸುಮಾರು 400 ಅಡಿ ಎತ್ತರದಿಂದ ಬೀಳುವ ನೀರಿನಿಂದ ತಲಾ 720 ಕಿಲೋವಾಟಿನ ಆರು ಯಂತ್ರಗಳನ್ನು ತಿರುಗಿಸಿ, ಹುಟ್ಟಿದ ಶಕ್ತಿಯನ್ನು ಸುಮಾರು 35 ಸಾವಿರ ವೋಲ್ಟಿಗೆ ಏರಿಸಿ, 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೇಲೆ ಕಳುಹಿಸಿದ್ದು ಆ ಕಾಲಕ್ಕೆ ಜಗತ್ತಿನಲ್ಲೇ ದೊಡ್ಡ ಸಾಹಸ. ಈ ಸಾಹಸಕ್ಕೆ ಬೆನ್ನಾಗಿ ನಿಂತ ದಿವಾನ್ ಶೇಷಾದ್ರಿ ಅಯ್ಯರ್ ಅವರು ಅದನ್ನು ಕಣ್ಣಾರೆ ಕಾಣಲಿಲ್ಲ. 1901ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಯೋಜನೆ ರೂಪಿಸಿದ ಇಂಜಿನಿಯರ್ ಜೋಲಿ ದ ಲಾಟ್‌ಬಿನಿಯೇರ್, ಯಂತ್ರ ಒದಗಿಸಿದ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆ, ಜಲಚಕ್ರಗಳನ್ನು ಕೊಟ್ಟ ಸ್ವಿಟ್ಸರ್ಲೆಂಡಿನ ಎಷರ್ ವಿಸ್ ಸಂಸ್ಥೆ, ಇವರೆಲ್ಲರ ಹೆಸರೂ ಗ್ರಂಥಗಳಲ್ಲಿ ಉಂಟು. ಇಂದು ನಾನು ಮಾತನಾಡಬಯಸುವುದು ಈ ಯಾವ ಗ್ರಂಥದಲ್ಲಿಯೂ ತಲೆಬರಹವಾಗದ ಒಂದು ಸಣ್ಣ ಸಾಧನದ ಬಗ್ಗೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಅದರ ಹೆಸರು ಬ್ರಷ್ ಹೋಲ್ಡರ್.

ಕನ್ನಡ ಓದಿದವನಿಗೆ ಈ ಯಂತ್ರದ ಉಸಾಬರಿ ಏಕೆಂದು ತಾವು ಕೇಳಬಹುದು. ನನ್ನನ್ನು ಮೊದಲು ಹಿಡಿದು ನಿಲ್ಲಿಸಿದ್ದು ಅದರ ಹೆಸರೇ. ಬ್ರಷ್ ಎಂದರೆ ಕುಂಚ, ಕೂದಲಿನ ಕಟ್ಟು. ಕನ್ನಡದ ವಿಜ್ಞಾನ ಪುಸ್ತಕಗಳು ಅದನ್ನು ಕುಂಚವೆಂದೇ ಕರೆದಿವೆ. ಆದರೆ ಮೋಟಾರಿನೊಳಗಿಂದ ತೆಗೆದು ನೋಡಿದರೆ ಅದು ಇದ್ದಿಲಿನ ಬಣ್ಣದ ಒಂದು ಪುಟ್ಟ ಇಟ್ಟಿಗೆ. ಕೂದಲೂ ಇಲ್ಲ, ನಾರೂ ಇಲ್ಲ. ಹೀಗೇಕೆ?

ವಿದ್ಯುತ್ತನ್ನು ಹುಟ್ಟಿಸುವ ಯಂತ್ರದೊಳಗೆ ಅಯಸ್ಕಾಂತ ಬೇಕು. ಶಿವನಸಮುದ್ರದಂಥ ದೊಡ್ಡ ಯಂತ್ರಗಳಲ್ಲಿ ಆ ಅಯಸ್ಕಾಂತವೂ ವಿದ್ಯುತ್ತಿನಿಂದಲೇ ಆಗಬೇಕು. ಅದಕ್ಕೆಂದೇ ಪಕ್ಕದಲ್ಲಿ ಏಕಮುಖ ವಿದ್ಯುತ್ತನ್ನು ಕೊಡುವ ಚಿಕ್ಕ ಡೈನಮೋ ಇರುತ್ತದೆ. ತೊಡಕು ಇಲ್ಲಿಯೇ. ನಿಂತಿರುವ ಯಂತ್ರದಿಂದ ತಿರುಗುತ್ತಿರುವ ಯಂತ್ರಕ್ಕೆ ವಿದ್ಯುತ್ತನ್ನು ದಾಟಿಸುವುದು ಹೇಗೆ? ತಂತಿ ಕಟ್ಟಿದರೆ ಒಂದೇ ಗಳಿಗೆಯಲ್ಲಿ ಹುರಿಗೊಂಡು ಹರಿದುಹೋಗುತ್ತದೆ. ಆದ್ದರಿಂದ ತಿರುಗುವ ದಂಡಕ್ಕೆ ಲೋಹದ ಬಳೆಗಳನ್ನು ತೊಡಿಸಿ, ಹೊರಗಿನಿಂದ ಏನನ್ನಾದರೂ ಆ ಬಳೆಗೆ ಒತ್ತಿ ಹಿಡಿಯಬೇಕು. ಚಿಕ್ಕ ಡೈನಮೋದಲ್ಲಿ ಬಳೆಯ ಬದಲು ತಾಮ್ರದ ಪಟ್ಟಿಗಳನ್ನು ಒಂದರ ಪಕ್ಕ ಒಂದರಂತೆ ಜೋಡಿಸಿದ ಕಮ್ಯುಟೇಟರ್ ಎಂಬ ಉರುಳೆ ಇರುತ್ತದೆ. ಅದರ ಮೇಲೂ ಹೀಗೆಯೇ ಒತ್ತಿ ಹಿಡಿಯಬೇಕು. ಒತ್ತುವ ವಸ್ತುವೇ ಬ್ರಷ್, ಅದನ್ನು ಹಿಡಿದಿರುವುದೇ ಬ್ರಷ್ ಹೋಲ್ಡರ್.

ಮೊತ್ತಮೊದಲ ಹೋಲ್ಡರ್ ಮನುಷ್ಯನ ಕೈ. 1831ರ ಅಕ್ಟೋಬರ್ 28ರಂದು ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ ಬಲವಾದ ಅಯಸ್ಕಾಂತದ ಧ್ರುವಗಳ ನಡುವೆ ತಾಮ್ರದ ಬಿಲ್ಲೆಯನ್ನು ತಿರುಗಿಸಿದ. ಒಂದು ತಂತಿಯನ್ನು ಬಿಲ್ಲೆಯ ಅಚ್ಚಿಗೆ ಸಡಿಲವಾಗಿ ಎರಡು ಮೂರು ಸುತ್ತು ಸುತ್ತಿದ್ದ. ಇನ್ನೊಂದು ತಂತಿಯ ಕೊನೆಯಲ್ಲಿದ್ದ ಲೋಹದ ಪಟ್ಟಿಯನ್ನು ಬಿಲ್ಲೆಯ ಅಂಚಿಗೆ ಕೈಯಿಂದಲೇ ಒತ್ತಿ ಹಿಡಿಯಲಾಗಿತ್ತು. ಆ ಪಟ್ಟಿಯ ತುದಿಯನ್ನು ಬಿಲ್ಲೆಯ ದುಂಡಗಿನ ಅಂಚಿಗೆ ಹೊಂದುವಂತೆ ಅವನು ತುಸು ತೋಡಿದ್ದ, ಪಾದರಸವನ್ನು ಸವರಿದ್ದ. ಮುಟ್ಟಬೇಕು, ಆದರೆ ತಡೆಯಬಾರದು. ಮೈಗೆ ಮೈ ಹೊಂದಬೇಕು, ಆದರೆ ಕಚ್ಚಬಾರದು. ಮುಂದಿನ ನೂರೈವತ್ತು ವರ್ಷಗಳ ಯಂತ್ರಶಿಲ್ಪಿಗಳ ತಲೆನೋವು ಮೊದಲ ದಿನವೇ ಫ್ಯಾರಡೆಯ ಬೆರಳುಗಳಿಗೆ ತಿಳಿದಿತ್ತು.

1870ರ ಸುಮಾರಿಗೆ ಗ್ರಾಮ್ ಎಂಬಾತ ಕೆಲಸಕ್ಕೆ ಬರುವ ಡೈನಮೋ ಕಟ್ಟಿದಾಗ ಒತ್ತುವ ವಸ್ತುವಾಗಿ ಬಂದದ್ದು ತಾಮ್ರದ ಸಣ್ಣ ತಂತಿಗಳ ಕಟ್ಟು. ನೋಡಲು ಥೇಟು ಕುಂಚ. ಹೆಸರು ಹುಟ್ಟಿದ್ದು ಹೀಗೆ. ಆದರೆ ತಾಮ್ರದ ಮೇಲೆ ತಾಮ್ರ ಉಜ್ಜಿದರೆ ಎರಡೂ ಸವೆಯುತ್ತವೆ. ಕಿಡಿ ಹಾರುತ್ತದೆ, ಉರುಳೆಯಲ್ಲಿ ಗೀರು ಬೀಳುತ್ತದೆ. ಅದಕ್ಕಿಂತ ದೊಡ್ಡ ಕಾಟ ಇನ್ನೊಂದಿತ್ತು. ಉರುಳೆಯ ಮೇಲೆ ಕಿಡಿಯಿಲ್ಲದೆ ಮುಟ್ಟಬಹುದಾದ ಒಂದು ತಟಸ್ಥ ಸ್ಥಾನವಿದೆಯಷ್ಟೆ. ಯಂತ್ರದ ಮೇಲಿನ ಹೊರೆ ಏರಿದಂತೆ ಅದು ಜರುಗುತ್ತದೆ. ಡೈನಮೋದಲ್ಲಿ ತಿರುಗುವ ದಿಕ್ಕಿಗೆ, ಮೋಟಾರಿನಲ್ಲಿ ಎದುರು ದಿಕ್ಕಿಗೆ. ಆದುದರಿಂದ ಎಲ್ಲ ಹೋಲ್ಡರುಗಳನ್ನೂ ಒಂದು ದೊಡ್ಡ ಬಳೆಗೆ ಕೂರಿಸಿ, ಬಳೆಗೊಂದು ಹಿಡಿಯನ್ನಿಟ್ಟು, ಹೊರೆ ಏರಿದಾಗ ಅತ್ತ, ಇಳಿದಾಗ ಇತ್ತ ಜರುಗಿಸಲು ಒಬ್ಬ ಮನುಷ್ಯ ಕಾದು ನಿಲ್ಲಬೇಕಾಗಿತ್ತು. ಸಂಜೆಯ ಹೊತ್ತು ಊರಿನ ದೀಪಗಳು ಒಂದೊಂದಾಗಿ ಹತ್ತುತ್ತಿದ್ದಂತೆ ಈತನ ಕಣ್ಣು ಕಿಡಿಯ ಮೇಲೆ, ಕೈ ಹಿಡಿಯ ಮೇಲೆ. ಫ್ಯಾರಡೆಯ ಕೈ ಇನ್ನೂ ಬಿಡುವು ಪಡೆದಿರಲಿಲ್ಲವೆನ್ನಬೇಕು.

ತಾಮ್ರದ ಕುಂಚವನ್ನು ಕಿತ್ತೆಸೆದು ಇಂಗಾಲವನ್ನು ಇಡಬಹುದೆಂದು 1885ರಲ್ಲಿ ಹಕ್ಕುಪತ್ರ ಪಡೆದವನು ಸ್ಕಾಟ್ಲೆಂಡಿನ ಜಾರ್ಜ್ ಫೋರ್ಬ್ಸ್; ಮುಂದೆ ನಯಾಗರ ಜಲಪಾತದ ವಿದ್ಯುತ್ ಯೋಜನೆಗೂ ಸಲಹೆಗಾರನಾದವನು. 1888ರಲ್ಲಿ ಅಮೆರಿಕದ ವಾನ್ ಡಪೋಲ್ ಇಂಗಾಲವನ್ನು ಟ್ರಾಮು ಗಾಡಿಯ ಮೋಟಾರಿಗೆ ಹಾಕಿದ. ಟ್ರಾಮು ಮುಂದಕ್ಕೂ ಹೋಗಬೇಕು, ಹಿಂದಕ್ಕೂ ಬರಬೇಕು. ಓರೆಯಾಗಿ ಒರಗಿದ ತಾಮ್ರದ ಕುಂಚ ದಿಕ್ಕು ತಿರುಗಿದರೆ ಸಿಕ್ಕಿಕೊಳ್ಳುತ್ತದೆ. ನೆಟ್ಟಗೆ ನಿಲ್ಲಿಸಿದ ಇಂಗಾಲದ ತುಂಡಿಗೆ ಆ ಭಯವಿಲ್ಲ. ತಾಮ್ರಕ್ಕಿಂತ ಇಂಗಾಲ ವಿದ್ಯುತ್ತಿಗೆ ಹೆಚ್ಚು ಅಡ್ಡಿ ಒಡ್ಡುತ್ತದೆ. ದೋಷವೆಂದು ತೋರುವ ಈ ಗುಣವೇ ಕಿಡಿಯನ್ನು ತಗ್ಗಿಸಿತು. ಜೊತೆಗೆ ಗ್ರಾಫೈಟು ತಾನೇ ಎಣ್ಣೆಯಂತೆ ಜಾರುತ್ತದೆ. ಕುಂಚ ಹೋಯಿತು, ಹೆಸರು ಉಳಿಯಿತು. ಇದು ಇಂಗ್ಲಿಷಿಗೆ ಮಾತ್ರ ಸಂದ ಮಾತಲ್ಲ. ಈಗಷ್ಟೇ ಎಣ್ಣೆ ಎಂದೆನಲ್ಲ, ಅದು ಮೂಲದಲ್ಲಿ ಎಳ್ಳಿನ ನೆಯ್, ಅಂದರೆ ಎಳ್ಳಿನಿಂದ ತೆಗೆದ ಜಿಡ್ಡು. ಇಂದು ನಾವು ಕಡಲೆಕಾಯಿ ಎಣ್ಣೆ ಎನ್ನುತ್ತೇವೆ, ಸೀಮೆಎಣ್ಣೆ ಎನ್ನುತ್ತೇವೆ. ಎಳ್ಳಿನ ನೆನಪು ಯಾರಿಗೂ ಬರುವುದಿಲ್ಲ.

ಇನ್ನು ಹೋಲ್ಡರಿನ ರಚನೆ. ಎರಡೂ ಕಡೆ ತೆರೆದ ಹಿತ್ತಾಳೆಯ ಪುಟ್ಟ ಪೆಟ್ಟಿಗೆ. ಒಳಗೆ ಇಂಗಾಲದ ತುಂಡು ಸಲೀಸಾಗಿ ಜಾರಬೇಕು, ಆದರೆ ಅಲ್ಲಾಡಬಾರದು. ಮೇಲಿನಿಂದ ಒತ್ತಲು ಒಂದು ಸ್ಪ್ರಿಂಗು. ಸ್ಪ್ರಿಂಗಿನ ಬಿಗಿಯನ್ನು ಏರಿಸಿ ಇಳಿಸಲು ಕಚ್ಚುಗಳುಳ್ಳ ಒಂದು ಸನ್ನೆ. ತುಂಡಿನ ನೆತ್ತಿಯಿಂದ ಹೊರಡುವ ತಾಮ್ರದ ಎಳೆಗಳ ಜಡೆ ವಿದ್ಯುತ್ತನ್ನು ಒಯ್ಯುತ್ತದೆ. ಜಡೆ ಸಡಿಲವಾದರೆ ವಿದ್ಯುತ್ತು ಸ್ಪ್ರಿಂಗಿನ ಮೂಲಕ ಹರಿದು ಅದನ್ನು ಕಾಯಿಸಿ ಮೆತ್ತಗಾಗಿಸುತ್ತದೆ. ಪೆಟ್ಟಿಗೆಯ ಬಾಯಿಗೂ ಉರುಳೆಗೂ ನಡುವೆ ಎರಡು ಮೂರು ಮಿಲಿಮೀಟರ್ ಅಂತರವಿರಬೇಕು. ವರ್ಷಗಳು ಕಳೆದು ಉರುಳೆ ಸವೆದಾಗ ಅದನ್ನು ಕಡೆತಕ್ಕೆ ಹಾಕಿ ನಯಗೊಳಿಸುತ್ತಾರೆ. ಆಗ ಅದರ ಸುತ್ತಳತೆ ಕುಗ್ಗಿ ಅಂತರ ಹೆಚ್ಚುತ್ತದೆ. ಅಂತರ ಹೆಚ್ಚಿದರೆ ತುಂಡು ನಡುಗುತ್ತದೆ. ಹೋಲ್ಡರನ್ನು ಹತ್ತಿರಕ್ಕೆ ಜರುಗಿಸುವ ಅನುಕೂಲ ಬೇಕಾದದ್ದು ಇದಕ್ಕಾಗಿ.

ಎಲ್ಲಕ್ಕೂ ಮಿಗಿಲಾದದ್ದು ಒತ್ತಡದ ಹದ. ಕಡಿಮೆಯಾದರೆ ತುಂಡು ಕುಣಿದು ಕಿಡಿ ಕಾರಿ ಉರುಳೆಯನ್ನು ಸುಡುತ್ತದೆ. ಹೆಚ್ಚಾದರೆ ಉಜ್ಜಿ ಉಜ್ಜಿ ಕಾಯಿಸಿ ತಾನೂ ಬೇಗ ತೀರಿಹೋಗುತ್ತದೆ. ಸಾಮಾನ್ಯವಾಗಿ ಚದರ ಸೆಂಟಿಮೀಟರಿಗೆ 150ರಿಂದ 250 ಗ್ರಾಂ ಒತ್ತಡವಿಡುತ್ತಾರೆ. ಅದನ್ನು ಅಳೆಯುವ ಉಪಾಯ ಎಷ್ಟು ಸರಳವೆಂದರೆ, ಇಂಗಾಲದ ಕೆಳಗೆ ಒಂದು ಕಾಗದದ ಚೂರನ್ನು ಸಿಕ್ಕಿಸಿ, ಸ್ಪ್ರಿಂಗನ್ನು ತೂಕದ ಕೊಕ್ಕೆಯಿಂದ ಮೆಲ್ಲಗೆ ಮೇಲೆತ್ತುತ್ತಾರೆ. ಕಾಗದ ಎಳೆದೊಡನೆ ಬರುವ ಗಳಿಗೆಯಲ್ಲಿ ತೂಕವೆಷ್ಟೋ ಒತ್ತಡ ಅಷ್ಟು. ಹೊಸ ತುಂಡು ಹಾಕಿದಾಗ ಉರುಳೆಗೆ ಮರಳುಕಾಗದ ಸುತ್ತಿ ಹಿಂದೆ ಮುಂದೆ ಆಡಿಸಿ ಅದರ ತಳವನ್ನು ದುಂಡಿಗೆ ಹೊಂದಿಸುತ್ತಾರೆ. ಕೊಳ್ಳೇಗಾಲದಲ್ಲಿ ರೇಷ್ಮೆಯ ನೂಲು ತೆಗೆಯುವವರಿಗೆ ಈ ಹದ ಹೊಸದಲ್ಲ. ಗೂಡಿನಿಂದ ಎಳೆ ಬಿಗಿಯಾಗಿ ಬಂದರೆ ತುಂಡಾಗುತ್ತದೆ, ಸಡಿಲವಾಗಿ ಬಂದರೆ ಸಿಕ್ಕಾಗುತ್ತದೆ. ಮಾದಪ್ಪನ ಬೆಟ್ಟದ ದಾರಿಯಲ್ಲಿ ಕಂಸಾಳೆ ನುಡಿಸುವವರನ್ನು ಕೇಳಿದರೂ ಇದೇ ಉತ್ತರ ಬರುತ್ತದೆ: ಬಟ್ಟಲಿಗೆ ತಾಳ ಒತ್ತಿ ನಿಂತರೆ ನಾದ ಸತ್ತಿತು.

ಒಂದು ಸೋಜಿಗವನ್ನು ಇಲ್ಲಿ ಹೇಳಲೇಬೇಕು. ಚೆನ್ನಾಗಿ ಓಡುವ ಉರುಳೆಯ ಮೈಮೇಲೆ ಕಂದು ಬಣ್ಣದ ತೆಳುವಾದ ಪೊರೆ ಕಟ್ಟಿಕೊಳ್ಳುತ್ತದೆ. ಅನುಭವಿಗಳು ಅದನ್ನು ಉಜ್ಜಿ ತೆಗೆಯಲು ಬಿಡುವುದಿಲ್ಲ. ಆ ಪೊರೆಗೆ ಗಾಳಿಯ ತೇವ ಬೇಕು. ಎರಡನೆಯ ಮಹಾಯುದ್ಧದಲ್ಲಿ ಬಹು ಎತ್ತರಕ್ಕೆ ಹಾರಿದ ವಿಮಾನಗಳ ಬ್ರಷ್‌ಗಳು ಕೆಲವೇ ಗಂಟೆಗಳಲ್ಲಿ ಪುಡಿಯಾಗಿಹೋದವು. ಅಲ್ಲಿನ ಗಾಳಿ ತೀರ ಒಣದಾದದ್ದೇ ಕಾರಣವೆಂದು ಆಮೇಲೆ ತಿಳಿಯಿತು. ಜಲಪಾತದ ನೆರೆಯ ವಿದ್ಯುದಾಗಾರಕ್ಕೆ ಅಂಥ ಕೊರತೆ ಎಲ್ಲಿಯದು! ಇನ್ನು ಬಳೆಗಳ ಸಂಗತಿ: ಧನದ ಬಳೆಯೂ ಋಣದ ಬಳೆಯೂ ಒಂದೇ ಸಮನಾಗಿ ಸವೆಯುವುದಿಲ್ಲ. ಅದಕ್ಕಾಗಿ ಆಗಾಗ ಎರಡನ್ನೂ ಅದಲು ಬದಲು ಮಾಡುತ್ತಾರೆ, ಹೊಲದಲ್ಲಿ ಬೆಳೆ ಬದಲಿಸಿದ ಹಾಗೆ.

1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಯಲ್ಲಿ ದೀಪ ಹತ್ತಿದ್ದನ್ನು ಇತಿಹಾಸ ಬರೆದುಕೊಂಡಿದೆ. ಆ ದೀಪ ಮರುದಿನವೂ, ಅದರ ಮರುದಿನವೂ ಹತ್ತುವಂತೆ ನೋಡಿಕೊಂಡವರನ್ನು ಬರೆದುಕೊಂಡಿಲ್ಲ. ಗಣಿಯಲ್ಲಿ ಅದಿರು ಕುಟ್ಟುವ ಗಿರಣಿ 92 ಮೈಲಿ ದೂರದಿಂದ ಬರುವ ಶಕ್ತಿಗೆ ಒಪ್ಪಿಸಿಕೊಂಡಿದ್ದ ಕಾಲ. ಪ್ರಚೋದಕ ಡೈನಮೋದ ಒಂದು ಸ್ಪ್ರಿಂಗು ಸೋತು ಬ್ರಷ್ ಬಿಟ್ಟುಕೊಂಡರೆ ಅಯಸ್ಕಾಂತ ಸಾಯುತ್ತದೆ. ಅಯಸ್ಕಾಂತ ಸತ್ತರೆ ನೀರು ಎಷ್ಟು ಧುಮುಕಿದರೂ ತಂತಿಯಲ್ಲಿ ಏನೂ ಹರಿಯದು. ಇರುಳಿನ ಪಾಳಿಯಲ್ಲಿ ಇಂಗಾಲದ ಪುಡಿ ಒರೆಸುತ್ತ, ಕಿಡಿಯ ಬಣ್ಣ ನೋಡುತ್ತ ನಿಂತವರ ಕೆಲಸವನ್ನು ಇತಿಹಾಸವೆಂದು ಎಣಿಸದೆ, ಏಷ್ಯಾಕ್ಕೆ ಮೊದಲೋ ಎರಡನೆಯದೋ ಎಂದು ಜಗಳವಾಡುವುದು ನನಗೆ ಸರಿತೋರುವುದಿಲ್ಲ.

ಈ ಸೀಮೆಯ ಚರಿತ್ರೆಯೂ ವಿಚಿತ್ರ. 1902ರಲ್ಲಿ ಯಳಂದೂರಿನವರು ಮೈಸೂರಿನ ಪ್ರಜೆಗಳು. ಅದು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದ ನೆಲ. ಪಕ್ಕದ ಕೊಳ್ಳೇಗಾಲ, ಇಂದಿನ ಹನೂರೂ ಸೇರಿದಂತೆ, ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ನಡುಗಡ್ಡೆ ಕೊಳ್ಳೇಗಾಲದ ತಾಲ್ಲೂಕು, ವಿದ್ಯುದಾಗಾರ ಮೈಸೂರಿನ ದಡ. ಭರಚುಕ್ಕಿಯ ಕಡೆ ನಿಂತವನಿಗೆ ಹೊಳೆಯಾಚೆ ಹುಟ್ಟುವ ಬೆಳಕು ಬೇರೊಂದು ಸರ್ಕಾರದ್ದು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು. ವಿದ್ಯುದಾಗಾರದ ಸುತ್ತಲಿನ ವಸತಿಗೆ ಜನ ಬ್ಲಫ್ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಆ ಪದಕ್ಕೆ ಕಡಿದಾದ ಬಂಡೆಯೆಂಬ ಅರ್ಥವೂ ಉಂಟು. ಮೋಸವೆಂಬ ಅರ್ಥವನ್ನು ಹಿಡಿದು ನಗುವವರು ಇದನ್ನು ನೆನೆಯಬೇಕು.

ಕಾಲ ಕಳೆದಂತೆ ಬ್ರಷ್‌ನ ರಾಜ್ಯ ಕುಗ್ಗಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಡುಧ್ರುವಗಳು ಬಂದು ಹಿಡಿ ಹಿಡಿದು ಜರುಗಿಸುವ ಮನುಷ್ಯನಿಗೆ ಬಿಡುವು ಕೊಟ್ಟವು. ಶತಮಾನದ ನಡುವಿನ ಮೇಲೆ, ದಂಡದೊಡನೆ ತಾವೂ ತಿರುಗುವ ಡಯೋಡುಗಳು ಬಂದು ಬ್ರಷ್ ಇಲ್ಲದ ಪ್ರಚೋದಕಗಳೂ ಆದವು. ಹನೂರಿನ ಒಣನೆಲದಲ್ಲಿ ಕೊಳವೆಬಾವಿಗೆ ಇಳಿಸುವ ಪಂಪಿನ ಮೋಟಾರಿನಲ್ಲಿ ಬ್ರಷ್ ಇರುವುದೇ ಇಲ್ಲ. ನೂರಾರು ಅಡಿ ಆಳದ ನೀರಿನಲ್ಲಿ ಯಾರು ಹೋಗಿ ಬದಲಿಸಬೇಕು? ಆದರೆ ಅಡುಗೆಮನೆಯ ಮಿಕ್ಸಿಯಲ್ಲಿ, ಬಡಗಿಯ ಕೈಯ ಡ್ರಿಲ್ಲಿನಲ್ಲಿ ಅದು ಇಂದಿಗೂ ಗಟ್ಟಿಯಾಗಿ ಕೂತಿದೆ. ಕತ್ತಲೆಯಲ್ಲಿ ಮಿಕ್ಸಿ ಓಡಿಸಿ ಗಾಳಿಕಂಡಿಯಲ್ಲಿ ಇಣುಕಿದರೆ ನೀಲಿ ಕಿಡಿ ಕಾಣುತ್ತದೆ. ಮಿಕ್ಸಿ ನಿಂತಾಗ ರಿಪೇರಿ ಅಂಗಡಿಯವನು ತಿರುಪು ಬಿಚ್ಚಿ, ಬೆರಳಿನ ಉಗುರಿನಷ್ಟಾಗಿ ಸವೆದ ಎರಡು ತುಂಡುಗಳನ್ನು ಮೇಜಿನ ಮೇಲೆ ಇಟ್ಟು, “ಕಾರ್ಬನ್ ಹೋಗಿದೆ ಸಾರ್” ಎನ್ನುತ್ತಾನೆ. ಬ್ರಷ್ ಎಂಬ ಮಾತನ್ನು ಅವನು ಎಂದೋ ಕೈಬಿಟ್ಟಿದ್ದಾನೆ.