ಹೆಡ್‌ಫೋನ್ ಮತ್ತು ಆಂಪ್ಲಿಫೈಯರ್: ಹೋಲಿಕೆಯ ಇತಿಹಾಸ

ಉತ್ತಮ ದರ್ಜೆಯ ಹೆಡ್‌ಫೋನ್‌ಗಳನ್ನೂ ಅವನ್ನು ನಡೆಸುವ ಆಂಪ್ಲಿಫೈಯರ್, ಡಿಎಸಿ (ಡಿಜಿಟಲ್ ಕಡತವನ್ನು ದನಿಯ ವಿದ್ಯುತ್ ಸಂಕೇತವಾಗಿಸುವ ಸಾಧನ) ಮೊದಲಾದ ಉಪಕರಣಗಳನ್ನೂ ಅಕ್ಕಪಕ್ಕ ಇಟ್ಟು ಕೇಳಿ, ಅಳೆದು, ಗುಣದೋಷ ನಿರ್ಣಯಿಸುವ ಪದ್ಧತಿಗೆ ನೂರು ವರ್ಷಕ್ಕೂ ಮಿಕ್ಕ ಹಿನ್ನೆಲೆಯಿದೆ. ಹೆಡ್‌ಫೋನ್ ಒಂದನ್ನೇ ಹಿಡಿದು ‘ಇದು ಚೆನ್ನ, ಅದು ಸಪ್ಪೆ’ ಎನ್ನುವುದು ಅರ್ಧ ಮಾತು. ಯಾವ ಆಂಪ್ಲಿಫೈಯರಿಗೆ ಸಿಕ್ಕಿಸಿ, ಎಷ್ಟು ದನಿಯಲ್ಲಿ, ಯಾವ ಧ್ವನಿಮುದ್ರಣ ಕೇಳಿದ್ದು ಎಂಬುದು ಸೇರಿದರೆ ಮಾತ್ರ ಆ ಮಾತು ಪೂರ್ತಿಯಾಗುತ್ತದೆ. ಈ ಕ್ಷೇತ್ರದ ಜಗಳಗಳಲ್ಲಿ ಬಹುಪಾಲು ಹುಟ್ಟಿರುವುದು ಆ ಉಳಿದರ್ಧವನ್ನು ನುಂಗಿಕೊಂಡಿದ್ದರಿಂದ.

ಆರಂಭ

ಎರಡು ಕಿವಿಗೆ ಎರಡು ಸಾಧನ ಇಟ್ಟು ಸಂಗೀತ ಕೇಳಿಸಿದ ಮೊದಲ ಪ್ರಸಿದ್ಧ ಪ್ರಯೋಗ 1881ರ ಪ್ಯಾರಿಸ್ ವಿದ್ಯುತ್ ಪ್ರದರ್ಶನದ್ದು. ಕ್ಲೆಮಾನ್ ಆದೇರ್ ಎಂಬ ಎಂಜಿನಿಯರ್ ಒಪೆರಾ ರಂಗಮಂದಿರದಿಂದ ಟೆಲಿಫೋನ್ ತಂತಿ ಎಳೆದು, ಕೇಳುಗರ ಎರಡೂ ಕೈಗೆ ಒಂದೊಂದು ರಿಸೀವರ್ ಕೊಟ್ಟಿದ್ದ. ತಲೆಗೆ ತೊಡುವ, ಬಳಸಲು ಯೋಗ್ಯವಾದ ಹೆಡ್‌ಫೋನನ್ನು 1910ರಲ್ಲಿ ಸಿದ್ಧಪಡಿಸಿದವನು ಅಮೆರಿಕದ ಯೂಟಾ ರಾಜ್ಯದ ನಥೇನಿಯಲ್ ಬಾಲ್ಡ್‌ವಿನ್. ಅಡುಗೆಮನೆಯ ಮೇಜಿನ ಮೇಲೆ ಜೋಡಿಸಿದ ಆ ಸಾಧನವನ್ನು ಕೊಂಡದ್ದು ಅಮೆರಿಕದ ನೌಕಾಪಡೆ.

ಆ ಕಾಲದಲ್ಲಿ ಆಂಪ್ಲಿಫೈಯರ್ ಎಂಬುದು ಇರಲೇ ಇಲ್ಲವೆನ್ನಬೇಕು. ಕ್ರಿಸ್ಟಲ್ ರೇಡಿಯೊಗೆ ಬ್ಯಾಟರಿಯೂ ಇರಲಿಲ್ಲ. ಏರಿಯಲ್‌ಗೆ ಸಿಕ್ಕ ರೇಡಿಯೊ ಅಲೆಯ ಶಕ್ತಿಯೇ ಹೆಡ್‌ಫೋನಿನ ತಗಡನ್ನು ಅಲುಗಿಸಬೇಕಿತ್ತು. ಆದ್ದರಿಂದ ಕೂದಲೆಳೆಯಂಥ ತಂತಿಯನ್ನು ಸಾವಿರಾರು ಸುತ್ತು ಸುತ್ತಿ 2000ದಿಂದ 4000 ಓಮ್ ಇಂಪೀಡೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) ಬರುವಂತೆ ಮಾಡುತ್ತಿದ್ದರು. ಹೆಡ್‌ಫೋನನ್ನು ಅದನ್ನು ನಡೆಸುವ ಮೂಲಕ್ಕೆ ಹೊಂದಿಸಬೇಕು ಎಂಬ ತಿಳಿವಳಿಕೆ ಬೇರೂರಿದ್ದು ಇಲ್ಲೇ. ಕನ್ನಡ ನಾಡಿನ ಕೇಳುಗರ ಮಾತಿಗೆ ಬಂದರೆ, ಮುಂಬಯಿ ಬಾನುಲಿ ಕೇಂದ್ರ 1927ರ ಜುಲೈ 23ರಂದು ಶುರುವಾದಾಗ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ 30 ವ್ಯಾಟ್‌ಗಳ ಪ್ರೇಷಕದಲ್ಲಿ ಪ್ರಸಾರ ಆರಂಭಿಸಿದರು. ಧಾರವಾಡ ಕೇಂದ್ರ ಬಂದದ್ದು 1950ರ ಜನವರಿ 8ರಂದು. ಅಷ್ಟರಲ್ಲಿ ವಾಲ್ವ್ ರೇಡಿಯೊ, ಧ್ವನಿವರ್ಧಕ ಮನೆಮನೆಗೆ, ಚಾವಡಿಗೆ ಬಂದು, ಕೇಳುವುದು ನಾಲ್ಕು ಜನ ಕೂಡಿ ಮಾಡುವ ಕೆಲಸವಾಗಿತ್ತು. ಹೆಡ್‌ಫೋನ್ ಟೆಲಿಫೋನ್ ಆಪರೇಟರುಗಳ, ಸ್ಟುಡಿಯೊದವರ, ಸೈನ್ಯದವರ ಪಾಲಾಯಿತು.

ಸ್ಟೀರಿಯೊ ಕಾಲ

ಜರ್ಮನಿಯ ಬೈಯರ್ ಕಂಪನಿಯ ಡಿಟಿ 48 (1937) ಕಾಯಿಲ್ ಕಟ್ಟಿದ ತೆಳುಪೊರೆಯ ಡೈನಮಿಕ್ ಹೆಡ್‌ಫೋನುಗಳಿಗೆ ದಾರಿ ತೆರೆಯಿತು. ಮನೆಯಲ್ಲಿ ಸಂಗೀತ ಕೇಳಲೆಂದೇ ತಯಾರಾದ ಸ್ಟೀರಿಯೊ ಹೆಡ್‌ಫೋನನ್ನು 1958ರಲ್ಲಿ ಮಿಲ್ವಾಕಿಯ ಜಾನ್ ಕಾಸ್ ಮಾರುಕಟ್ಟೆಗೆ ತಂದ. ಎರಡೇ ವರ್ಷಕ್ಕೆ ಜಪಾನಿನ ಸ್ಟ್ಯಾಕ್ಸ್ ತನ್ನ ಎಸ್‌ಆರ್-1 ತಂದಿತು. ಇದರಲ್ಲಿ ಕಾಯಿಲ್ ಇಲ್ಲ. ನೂರಾರು ವೋಲ್ಟ್ ಹೊತ್ತ ಅತಿ ತೆಳು ಪೊರೆ ಎರಡು ಜಾಲರಿಗಳ ನಡುವೆ ಅಲುಗುತ್ತದೆ. ಇಂಥ ಸ್ಥಾಯಿವಿದ್ಯುತ್ ಹೆಡ್‌ಫೋನನ್ನು ಮಾಮೂಲಿ ಜಾಕಿಗೆ ಹಾಕುವಂತಿಲ್ಲ, ಅದಕ್ಕೆ ಅದರದೇ ಡ್ರೈವರ್ ಪೆಟ್ಟಿಗೆ ಬೇಕು. ಹೆಡ್‌ಫೋನ್ ಮತ್ತು ಆಂಪ್ಲಿಫೈಯರನ್ನು ಒಂದೇ ವಸ್ತುವಿನ ಎರಡು ಭಾಗವೆಂದು ಮೊದಲು ಕಂಡವರು ಸ್ಟ್ಯಾಕ್ಸ್‌ನವರು.

ಸೆನ್‌ಹೈಸರ್‌ನ ಎಚ್‌ಡಿ 414 (1968) ಕಿವಿಯನ್ನು ಮುಚ್ಚದೆ ಹಳದಿ ಸ್ಪಂಜಿನ ಮೇಲೆ ಕೂರುವ ತೆರೆದ ಮಾದರಿ. ಅದರ ಇಂಪೀಡೆನ್ಸ್ 2000 ಓಮ್. ಆಗಿನ ಆಂಪ್ಲಿಫೈಯರ್‌ಗಳಲ್ಲಿ ಹೆಡ್‌ಫೋನಿಗೆಂದು ಪ್ರತ್ಯೇಕ ಸರ್ಕಿಟ್ ಇಡುತ್ತಿದ್ದುದು ಅಪರೂಪ. ಸ್ಪೀಕರಿಗೆ ಹೋಗುವ ತಂತಿಗೇ ನೂರಿನ್ನೂರು ಓಮ್‌ನ ರೆಸಿಸ್ಟರ್ ಅಡ್ಡಗಟ್ಟಿ ಜಾಕಿಗೆ ತಿರುಗಿಸಿದರೆ ಮುಗಿಯಿತು. 1996ರ ಅಂತರರಾಷ್ಟ್ರೀಯ ಮಾನಕವೂ ಆ ಜಾಕಿಗೆ 120 ಓಮ್ ಒಳತಡೆ ಎಂದೇ ಸೂಚಿಸಿತು. 2000 ಓಮ್‌ನ ಹೆಡ್‌ಫೋನಿಗೆ ಇದರಿಂದ ತೊಂದರೆ ಇಲ್ಲ. ಕಡಿಮೆ ಓಮ್‌ನದಕ್ಕೆ ಏನಾಗುತ್ತದೆಂದು ಲೆಕ್ಕ ಹಾಕಿ ನೋಡಬಹುದು. ಡೈನಮಿಕ್ ಹೆಡ್‌ಫೋನಿನ ಇಂಪೀಡೆನ್ಸ್ ಎಲ್ಲ ಸ್ವರಕ್ಕೂ ಒಂದೇ ಇರುವುದಿಲ್ಲ. ಪೊರೆಯ ಸಹಜ ಅನುರಣನ ಇರುವ ಕೆಳದನಿಯಲ್ಲಿ ಅದು ಗುಡ್ಡದಂತೆ ಏರುತ್ತದೆ. 32 ಓಮ್ ಎಂದು ಬರೆದ ಹೆಡ್‌ಫೋನ್ ಅಲ್ಲಿ 100 ಓಮ್‌ಗೆ ಏರಿದರೆ, 120 ಓಮ್‌ನ ಜಾಕಿನಿಂದ ಆ ಕೆಳದನಿಗೆ ಉಳಿದ ಸ್ವರಗಳಿಗಿಂತ 6.7 ಡೆಸಿಬೆಲ್ ಹೆಚ್ಚು ಸಿಗುತ್ತದೆ. ಜಾಕಿನ ಒಳತಡೆ 1 ಓಮ್ ಇದ್ದರೆ ವ್ಯತ್ಯಾಸ 0.2 ಡೆಸಿಬೆಲ್‌ಗೂ ಕಡಿಮೆ. ಹೆಡ್‌ಫೋನ್ ಅದೇ, ಹಾಡು ಅದೇ. ಒಬ್ಬನ ಮನೆಯಲ್ಲಿ ದಪ್ಪ ಮದ್ದಲೆ, ಇನ್ನೊಬ್ಬನ ಮನೆಯಲ್ಲಿ ತೆಳು ಮದ್ದಲೆ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ.

ಬೆಂಗಳೂರಿನ ವಾಲ್ವ್

ನಡೆಸುವ ಉಪಕರಣದ ಇತಿಹಾಸದಲ್ಲಿ ಕರ್ನಾಟಕಕ್ಕೆ ಸ್ವಂತದ್ದೊಂದು ಅಧ್ಯಾಯವಿದೆ. 1954ರಲ್ಲಿ ಸ್ಥಾಪನೆಯಾದ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ, ಹಾಲೆಂಡಿನ ಫಿಲಿಪ್ಸ್ ಜೊತೆಗೂಡಿ 1961ರಿಂದ ರೇಡಿಯೊ ವಾಲ್ವ್‌ಗಳನ್ನು ತಯಾರಿಸಿತು. ಮರುವರ್ಷ ಜರ್ಮೇನಿಯಂ ಟ್ರಾನ್ಸಿಸ್ಟರ್ ಸಾಲಿನ ಅರೆವಾಹಕಗಳಿಗೂ ಕೈಹಾಕಿತು. ಗಾಜಿನ ಮೇಲೆ ‘ಬಿಇಎಲ್’ ಮುದ್ರೆಯಿದ್ದ ಇಎಲ್84 ಮೊದಲಾದ ವಾಲ್ವ್‌ಗಳು ರೇಡಿಯೊ, ಗ್ರಾಮಫೋನ್ ಆಂಪ್ಲಿಫೈಯರುಗಳಲ್ಲಿ ಉರಿದವು. ಟ್ರಾನ್ಸಿಸ್ಟರ್ ಗೆದ್ದ ಮೇಲೆ ಇವು ಗುಜರಿಗೆ ಹೋಗಬೇಕಿತ್ತು. ಆದರೆ ವಾಲ್ವ್ ಹೆಡ್‌ಫೋನ್ ಆಂಪ್ಲಿಫೈಯರಿನ ಗೀಳು ಹತ್ತಿದವರು ಹಳೆಯ ದಾಸ್ತಾನಿನ ವಾಲ್ವ್‌ಗಳನ್ನು ಇಂದಿಗೂ ಹುಡುಕುತ್ತಾರೆ, ಬೆಂಗಳೂರಿನ ಗಾಜೂ ಆ ಹುಡುಕಾಟದಲ್ಲಿದೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲದ ವಾಲ್ವ್ ಆಂಪ್ಲಿಫೈಯರಿನ ಒಳತಡೆ ಹೆಚ್ಚು. ಅದು 300 ಅಥವಾ 600 ಓಮ್‌ನ ಹೆಡ್‌ಫೋನಿಗೆ ಒಗ್ಗುತ್ತದೆ, 32 ಓಮ್‌ನದಕ್ಕೆ ಒಗ್ಗುವುದಿಲ್ಲ. ‘ವಾಲ್ವ್‌ನ ಬೆಚ್ಚನೆಯ ದನಿ’ ಎಂದು ಹೊಗಳುವುದರಲ್ಲಿ ಒಂದು ಪಾಲು ಈ ಒಳತಡೆಯಿಂದ ಉಬ್ಬಿದ ಕೆಳದನಿಯೇ.

ದುಬಾರಿ ಜೋಡಿಗಳು

1979ರ ಜುಲೈ 1ರಂದು ಸೋನಿ ವಾಕ್‌ಮನ್ ಬಂದು ಹೆಡ್‌ಫೋನ್ ರಸ್ತೆಗಿಳಿಯಿತು. ಎರಡು ಪೆನ್ಸಿಲ್ ಸೆಲ್ಲಿನ ವೋಲ್ಟೇಜಿನಲ್ಲಿ ನಡೆಯಬೇಕಾದ್ದರಿಂದ ಇಂಪೀಡೆನ್ಸ್ ಇಳಿಯಿತು. ಇಲ್ಲಿಂದ ಕುಲ ಎರಡಾಯಿತು: ಕಿಸೆಗೆ ಒಗ್ಗುವವು, ಮೇಜಿನ ಆಂಪ್ಲಿಫೈಯರ್ ಬೇಡುವವು.

ಎರಡನೆಯ ಕುಲದ ಮೆರವಣಿಗೆ ಆಮೇಲಿನದು. ಎಕೆಜಿಯ ಕೆ1000 ಸ್ಪೀಕರ್ ಆಂಪ್ಲಿಫೈಯರಿಗೇ ನೇರ ಜೋಡಿಸುವಂಥದ್ದು. ಸೆನ್‌ಹೈಸರ್ 1991ರಲ್ಲಿ ವಾಲ್ವ್ ಆಂಪ್ಲಿಫೈಯರ್ ಸಮೇತ ತಂದ ಆರ್ಫಿಯಸ್ ತಯಾರಾದದ್ದು ಸುಮಾರು 300. 2015ರಲ್ಲಿ ಪ್ರಕಟಿಸಿದ ಅದರ ಉತ್ತರಾಧಿಕಾರಿ ಎಚ್‌ಇ 1ರ ಪೀಠ ಇಟಲಿಯ ಕರಾರಾ ಅಮೃತಶಿಲೆಯದು, ಒಳಗೆ ಎಂಟು ವಾಲ್ವ್. ಅಮೃತಶಿಲೆಯಿಂದ ದನಿಗೆ ಏನಾಯಿತೋ, ಬೆಲೆಗಂತೂ ಆಯಿತು. ಪ್ರಕಟಿಸಿದಾಗ ಅದರ ಬೆಲೆ 50,000 ಯೂರೋ ಆಸುಪಾಸು ಇತ್ತು. ಇವುಗಳಿಗಿಂತ ಇತಿಹಾಸದಲ್ಲಿ ತೂಕದ್ದು 1997ರ ಎಚ್‌ಡಿ 600. 300 ಓಮ್‌ನ ಈ ಸರಳ ಹೆಡ್‌ಫೋನ್ ಹೋಲಿಕೆಯ ಒರೆಗಲ್ಲಾಗಿ ನಿಂತಿತು. 2009ರ ಎಚ್‌ಡಿ 800 ಬಂದ ಬಳಿಕ ಆಡೀಜ್, ಹೈಫೈಮ್ಯಾನ್ ಕಂಪನಿಗಳು ಚಪ್ಪಟೆ ಪೊರೆಯ ಪ್ಲೇನಾರ್ ಮಾದರಿಗಳನ್ನು ಮುನ್ನೆಲೆಗೆ ತಂದವು.

ಇಲ್ಲಿ ಲೆಕ್ಕ ತಿರುವುಮುರುವಾಯಿತು. 1 ಮಿಲಿವ್ಯಾಟ್ ಶಕ್ತಿ ಕೊಡಲು 32 ಓಮ್‌ನ ಹೆಡ್‌ಫೋನಿಗೆ 0.18 ವೋಲ್ಟ್, 300 ಓಮ್‌ನದಕ್ಕೆ 0.55 ವೋಲ್ಟ್, 600 ಓಮ್‌ನದಕ್ಕೆ 0.775 ವೋಲ್ಟ್ ಬೇಕು. ಹಾಗೆಂದು ಓಮ್ ಹೆಚ್ಚಿದ್ದರೆ ನಡೆಸುವುದು ಕಷ್ಟ ಎಂಬ ನಂಬಿಕೆ ಪೂರ್ತಿ ನಿಜವಲ್ಲ. ಹೈಫೈಮ್ಯಾನ್‌ನ ಸುಸ್ವರಾ ಕೇವಲ 60 ಓಮ್, ಆದರೆ 1 ಮಿಲಿವ್ಯಾಟ್‌ಗೆ ಅದು ಕೊಡುವ ದನಿ 83 ಡೆಸಿಬೆಲ್ ಮಾತ್ರ. ಸಂಗೀತದ ಏರುಗಳು 110 ಡೆಸಿಬೆಲ್ ಮುಟ್ಟಬೇಕಾದರೆ ಅರ್ಧ ವ್ಯಾಟ್, ಅಂದರೆ ಸುಮಾರು 5.5 ವೋಲ್ಟ್ ಬೇಕು. ಫೋನಿಗೆ ಸಿಕ್ಕಿಸುವ, ಸುಮಾರು 1 ವೋಲ್ಟ್ ಕೊಡುವ ಪುಟ್ಟ ಡಿಎಸಿ ಡಾಂಗಲ್ 95 ಡೆಸಿಬೆಲ್‌ಗೆ ನಿಂತುಬಿಡುತ್ತದೆ. ಘಟಪ್ರಭೆಯ ದಂಡೆಯ ಕಬ್ಬಿನ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ನೂರಾರು ಅಡಿ ಕೊಳವೆಬಾವಿಗೆ ಇಳಿಸುವ ಮೋಟರೇ ಬೇರೆ, ಹೊಳೆಯಿಂದ ನಾಲ್ಕಾರು ಅಡಿ ಎತ್ತಿ ಧಾರಾಳ ನೀರು ಬಿಡುವ ಮೋಟರೇ ಬೇರೆ, ಎರಡರ ಮೇಲೂ 5 ಎಚ್‌ಪಿ ಎಂದೇ ಬರೆದಿದ್ದರೂ ಒಂದರ ಕೆಲಸ ಇನ್ನೊಂದು ಮಾಡದು.

ಅಳತೆಯೂ ಕಿವಿಯೂ

ಹಾರ್ವಿ ಫ್ಲೆಚರ್ ಮತ್ತು ವೈಲ್ಡನ್ ಮನ್ಸನ್ 1933ರಲ್ಲೇ ತೋರಿಸಿದ ಸಂಗತಿ: ದನಿ ಏರಿದಂತೆ ಕಿವಿಗೆ ಕೆಳಸ್ವರಗಳು ಹೆಚ್ಚು ತುಂಬಿ ಕೇಳುತ್ತವೆ. ಆದ್ದರಿಂದ ಎರಡು ಆಂಪ್ಲಿಫೈಯರುಗಳಲ್ಲಿ ಒಂದು ಚೂರು ಜೋರಾಗಿದ್ದರೂ ಅದೇ ಗೆಲ್ಲುತ್ತದೆ. ಪ್ರಾಮಾಣಿಕ ಹೋಲಿಕೆಯಲ್ಲಿ ಹೆಡ್‌ಫೋನ್ ಸಿಕ್ಕಿಸಿದ ಸ್ಥಿತಿಯಲ್ಲೇ ವೋಲ್ಟ್‌ಮೀಟರ್ ಹಿಡಿದು ಎರಡರ ದನಿಯನ್ನೂ 0.1 ಡೆಸಿಬೆಲ್ ಒಳಗೆ ಸಮ ಮಾಡುತ್ತಾರೆ. ವೋಲ್ಟೇಜಿನಲ್ಲಿ ಇದು ಶೇ. 1.2ರಷ್ಟು ಅಂತರ. ಅಂಗಡಿಯ ಮೇಜಿನ ಮೇಲೆ ಗುಂಡಿ ತಿರುಗಿಸಿ ‘ಈಗ ಕೇಳ್ರಿ’ ಅನ್ನುವಲ್ಲಿ ಈ ಶಿಸ್ತು ಇರುವುದಿಲ್ಲ. ಯಾವುದು ನುಡಿಯುತ್ತಿದೆ ಎಂದು ಕೇಳುಗನಿಗೂ ಪರೀಕ್ಷಕನಿಗೂ ಗೊತ್ತಿಲ್ಲದ ಎಬಿಎಕ್ಸ್ ಪರೀಕ್ಷೆಯ ಪೆಟ್ಟಿಗೆಯನ್ನು ಡೇವಿಡ್ ಕ್ಲಾರ್ಕ್ 1982ರಲ್ಲಿ ವಿವರಿಸಿದ. 2011ರಲ್ಲಿ ಗುಪ್ತನಾಮದ ಒಬ್ಬ ಎಂಜಿನಿಯರ್ ಓ2 ಎಂಬ ಅಗ್ಗದ ಆಂಪ್ಲಿಫೈಯರಿನ ನಕ್ಷೆಯನ್ನೂ ಅದರ ಅಳತೆಗಳನ್ನೂ ಬಹಿರಂಗಗೊಳಿಸಿ, ಹತ್ತುಪಟ್ಟು ಬೆಲೆಯ ಪೆಟ್ಟಿಗೆಗಳನ್ನು ಪ್ರಶ್ನೆಗೆ ಗುರಿಮಾಡಿದ.

ಹೆಡ್‌ಫೋನನ್ನು ಕಣ್ಣುಕಟ್ಟಿ ಹೋಲಿಸುವುದು ಇನ್ನೂ ಕಷ್ಟ, ತೂಕವೂ ಗಾದಿಯೂ ಗುಟ್ಟು ಬಿಟ್ಟುಕೊಡುತ್ತವೆ. 2013ರ ಸುಮಾರಿಗೆ ಹಾರ್ಮನ್ ಕಂಪನಿಯ ಶಾನ್ ಆಲಿವ್ ಮತ್ತು ಸಂಗಡಿಗರು ಒಂದೇ ಹೆಡ್‌ಫೋನಿನಲ್ಲಿ ಹಲವು ಹೆಡ್‌ಫೋನುಗಳ ದನಿಯನ್ನು ಅನುಕರಿಸಿ ಕೇಳಿಸಿ, ಹೆಚ್ಚಿನವರು ಮೆಚ್ಚುವ ದನಿಯ ರೇಖೆ ಯಾವುದೆಂದು ಕಂಡುಕೊಂಡರು. 2017ರಲ್ಲಿ ಯೆರೂನ್ ಬ್ರೇಬಾರ್ಟ್ 283 ಹೆಡ್‌ಫೋನುಗಳನ್ನು ಅಳೆದು, ಬೆಲೆಗೂ ದನಿಯ ಸಮತೋಲಕ್ಕೂ ಸಂಬಂಧ ಕಾಣುವುದಿಲ್ಲವೆಂದು ವರದಿ ಮಾಡಿದ. ಈ ಕ್ಷೇತ್ರದಲ್ಲಿ ಇಷ್ಟು ಮುಖ್ಯವಾದ, ಇಷ್ಟು ಕಡಿಮೆ ಉಲ್ಲೇಖಗೊಳ್ಳುವ ಫಲಿತಾಂಶ ಇನ್ನೊಂದಿಲ್ಲ.

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಕೇಳ್ಮೆ

ಹೋಲಿಕೆಗೆ ಯಾವ ಸಂಗೀತ ಎಂಬ ಪ್ರಶ್ನೆಗೆ ಪಾಶ್ಚಾತ್ಯ ಲೇಖಕರು ಜಾಝ್, ಸಿಂಫನಿಗಳ ಪಟ್ಟಿ ಕೊಡುತ್ತಾರೆ. ಬೆಳಗಾವಿ ಜಿಲ್ಲೆಯ ಈ ಸೀಮೆಯ ಕಿವಿ ತಯಾರಾದದ್ದು ಬೇರೆ ಬಗೆಯಲ್ಲಿ. ಶ್ರೀಕೃಷ್ಣ ಪಾರಿಜಾತವನ್ನು ಆಟವಾಗಿ ರೂಪಿಸಿದ ಕುಲಗೋಡ ತಮ್ಮಣ್ಣ ಈ ನೆಲದವನು. ಅದನ್ನು ಮನೆಮಾತಾಗಿಸಿದ ಕೌಜಲಗಿ ನಿಂಗಮ್ಮನೂ ಇಲ್ಲಿಯವಳೇ. ಮೈಕಿಲ್ಲದ ಬಯಲಲ್ಲಿ ಮುಂದೆ ಪಾತ್ರಧಾರಿ, ಹಿಂದೆ ಹಿಮ್ಮೇಳ, ಇದಿರಿಗೆ ರಾತ್ರಿಯಿಡೀ ಕೂತ ಜನ. ಆ ದೂರ–ಹತ್ತಿರವೇ ಕೇಳುವುದರ ಅರ್ಧ ಸುಖ. ಹೆಡ್‌ಫೋನ್ ಇದನ್ನು ಕಿತ್ತುಕೊಳ್ಳುತ್ತದೆ. ಎಡದ ದನಿ ಎಡಗಿವಿಗೆ ಮಾತ್ರ, ಬಲದ್ದು ಬಲಗಿವಿಗೆ ಮಾತ್ರ ಹೋಗಿ ಹಿಮ್ಮೇಳ ತಲೆಯೊಳಗೇ ಕೂತಂತಾಗುತ್ತದೆ. ಒಂದು ಬದಿಯ ದನಿಯನ್ನು ತುಸು ತಡೆದು, ತುಸು ಮಂದಮಾಡಿ ಇನ್ನೊಂದು ಕಿವಿಗೂ ಹರಿಸುವ ಕ್ರಾಸ್‌ಫೀಡ್ ಸರ್ಕಿಟ್ಟನ್ನು ಸೀಗ್‌ಫ್ರೀಡ್ ಲಿಂಕ್‌ವಿಟ್ಸ್ 1971ರಲ್ಲಿ ಸೂಚಿಸಿದ್ದು ಈ ಕೊರತೆಗಾಗಿಯೇ.

ತಂಬೂರಿಯಂಥ ಪರೀಕ್ಷಾವಸ್ತು ಇನ್ನೊಂದಿಲ್ಲ. ಘಟಪ್ರಭಾ, ಗೋಕಾಕ ರೋಡ್ ನಿಲ್ದಾಣಗಳ ಹಳಿ ಉತ್ತರಕ್ಕೆ ತಲುಪುವ ಮಿರಜ, ತಂಬೂರಿ–ಸಿತಾರ ಮಾಡುವವರ ಊರು. ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರು ತಂಬೂರಿ ಕೂಡಿಸುವುದರಲ್ಲಿ ತೋರುತ್ತಿದ್ದ ಹಟ ಸಂಗೀತಗಾರರಲ್ಲಿ ಹೆಸರಾದದ್ದು. ಕುದುರೆಯ ಮೇಲೆ ತಂತಿಯಡಿ ನೂಲೆಳೆ ಸರಿಯಾದ ಜಾಗಕ್ಕೆ ಬಂದಾಗ ಜವಾರಿ, ಅಂದರೆ ತಂತಿಯ ಝೇಂಕಾರ, ತೆರೆದುಕೊಂಡು, ಮೀಟಿದ ತಂತಿಯಿಂದ ಉಪಸ್ವರಗಳು ಒಂದರ ಮೇಲೊಂದು ಏರುತ್ತವೆ. ಹಾರ್ಮೋನಿಯಂನ ಕರಿ ಒಂದರ ಗಂಡುದನಿಗೆ ಕೂಡಿಸಿದ ತಂಬೂರಿಯ ಖರ್ಜ, ಅಂದರೆ ಕೆಳಷಡ್ಜದ ತಂತಿ, ಸುಮಾರು 70 ಹರ್ಟ್ಸ್. ಇಂಪೀಡೆನ್ಸಿನ ಗುಡ್ಡ ಏಳುವುದೂ ಬಹುತೇಕ ಅದೇ ನೆರೆಯಲ್ಲಿ. ಒಳತಡೆ ಹೆಚ್ಚಿರುವ ಆಂಪ್ಲಿಫೈಯರಿನಲ್ಲಿ ಖರ್ಜ ಒಂದೇ ಉಬ್ಬಿ, ಜೋಡಿ ಷಡ್ಜದ ತಂತಿಗಳು ಹಿಂದೆ ಸರಿದಂತೆ ಕೇಳುತ್ತದೆ. ಮೇಲಿನ ತುದಿಯಲ್ಲಿ ಎಚ್‌ಡಿ 800ಕ್ಕೆ 6000 ಹರ್ಟ್ಸ್ ಹತ್ತಿರ ಒಂದು ಏರು ಇದೆ. ಅದರಲ್ಲಿ ಜವಾರಿ ಹರಿತವಾಗಿ, ಯಾರೋ ನೂಲು ಸರಿಸಿದಂತೆ ಕೇಳುತ್ತದೆ. 2016ರ ಎಚ್‌ಡಿ 800 ಎಸ್‌ನಲ್ಲಿ ಕಂಪನಿಯೇ ಆ ಏರನ್ನು ಅಡಗಿಸಿತು. ಆದರೆ 78 ಆರ್‌ಪಿಎಂ ತಟ್ಟೆಗಳಿಂದ ಇಳಿಸಿಕೊಂಡ ಹಳೆಯ ಗಾಯನವೆಲ್ಲ ಮೋನೊ. ಎಷ್ಟೇ ವಿಶಾಲ ವೇದಿಕೆಯ ಹೆಡ್‌ಫೋನ್ ಹಾಕಿದರೂ ದನಿ ನೆತ್ತಿಯ ನಡುವೆಯೇ ನಿಲ್ಲುತ್ತದೆ. ಅದಕ್ಕಾಗಿ ಲಕ್ಷಗಟ್ಟಲೆ ಸುರಿಯುವುದು ದಂಡ.

ಕೊನೆಗೆ ಕರೆಂಟಿನ ಮಾತು. ಅಮೆರಿಕದ ನೆರವಿನಿಂದ ದೇಶದಲ್ಲಿ ಪ್ರಯೋಗಕ್ಕೆಂದು ಕಟ್ಟಿದ ಐದು ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳಲ್ಲಿ ಕರ್ನಾಟಕದ್ದು 1969ರ ಹುಕ್ಕೇರಿ ಸಂಘ. ತಾಲ್ಲೂಕಿನ ಮನೆಗಳಿಗೆ, ಪಂಪ್‌ಸೆಟ್ಟುಗಳಿಗೆ ವಿದ್ಯುತ್ ಹಂಚುವುದು ಅದೇ. ಕರೆಂಟಿಗೆ ಸಿಕ್ಕಿಸಿದ ಮೇಜಿನ ಆಂಪ್ಲಿಫೈಯರಿನಲ್ಲಿ ಅರ್ತಿಂಗ್ ಕೆಟ್ಟಿದ್ದರೆ, ಇಲ್ಲವೇ ಕಂಪ್ಯೂಟರು ಮತ್ತು ಆಂಪ್ಲಿಫೈಯರಿನ ನಡುವೆ ಅರ್ತಿನ ಸುತ್ತು ಬಿದ್ದರೆ, 50 ಹರ್ಟ್ಸಿನ ಗುಂಯ್‌ಗುಡುವಿಕೆ ಹೆಡ್‌ಫೋನಿನಲ್ಲಿ ಸ್ಪೀಕರಿಗಿಂತ ಎದ್ದು ಕೇಳುತ್ತದೆ, ಅದೂ ಸೂಕ್ಷ್ಮವಾದ ಕಡಿಮೆ ಓಮ್‌ನ ಹೆಡ್‌ಫೋನಿನಲ್ಲಿ. ಫೋನಿನ ಬ್ಯಾಟರಿಯಲ್ಲಿ ನಡೆಯುವ ಡಾಂಗಲ್‌ಗೆ ಈ ಕಾಟವಿಲ್ಲ, ಅದರ ಒಳತಡೆಯೂ ಬಹಳ ಕಡಿಮೆ. ಎಚ್‌ಡಿ 600ರಂಥ ಹೆಡ್‌ಫೋನಿಗೆ ಮನೆಯಲ್ಲಿ ಕೇಳುವಷ್ಟು ದನಿಗೆ ಅದು ಸಾಲುತ್ತದೆ. ಸುಸ್ವರಾದಂಥವಕ್ಕೆ ಮಾತ್ರ ಮೇಜಿನ ಪೆಟ್ಟಿಗೆ ತಪ್ಪದು.