ಬ್ರಹ್ಮಕಮಲದ ಫೋಟೊ: ಕ್ರಾಪ್ ಮಾಡುವಾಗ ಏನು ಕಳೆದುಹೋಗುತ್ತದೆ?

ಮಳೆಗಾಲ ಶುರುವಾಯಿತೆಂದರೆ ವಿಜಯನಗರ, ಬಸವೇಶ್ವರನಗರದ ಕಡೆಯ ವಾಟ್ಸ್ಆ್ಯಪ್ ಗ್ರೂಪ್‌ಗಳಿಗೆ ರಾತ್ರಿ ಹನ್ನೊಂದರ ಹೊತ್ತಿಗೆ ಒಂದು ಫೋಟೊ ಬರುತ್ತದೆ. ಪರದೆ ತುಂಬ ಬಿಳಿ ಹೂವು, ಸುತ್ತ ಕತ್ತಲೆ. ಕೆಳಗೆ, ಇದು ಹಿಮಾಲಯದ ಬ್ರಹ್ಮಕಮಲ, 12 ವರ್ಷಕ್ಕೊಮ್ಮೆ ಮಾತ್ರ ಅರಳುತ್ತದೆ ಎಂಬ ಒಕ್ಕಣೆ. ಹೂವು ನಿಜ, ಫೋಟೊ ಕೂಡ ನಿಜ. ಪಕ್ಕದ ಬೀದಿಯ ಮಹಡಿ ಮೇಲೆಯೇ ತೆಗೆದದ್ದಿರಬಹುದು. ಒಕ್ಕಣೆ ಮಾತ್ರ ತಪ್ಪು.

ನಮ್ಮ ಕುಂಡಗಳಲ್ಲಿ ಅರಳುವುದು ಎಪಿಫಿಲಮ್ ಆಕ್ಸಿಪೆಟಾಲಮ್ ಎಂಬ ಕಳ್ಳಿ. ಮೂಲ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ. ಚೆನ್ನಾಗಿ ಬೆಳೆದ ಗಿಡ ಪ್ರತಿವರ್ಷ ಹೂ ಬಿಡುತ್ತದೆ, ಕೆಲವೊಮ್ಮೆ ಒಂದೇ ವರ್ಷದಲ್ಲಿ ಎರಡು ಮೂರು ಸಲ. ಹಿಮಾಲಯದ ಬ್ರಹ್ಮಕಮಲ ಸಾಸುರಿಯಾ ಅಬ್ವಲ್ಲಾಟ, ಉತ್ತರಾಖಂಡದ ರಾಜ್ಯ ಪುಷ್ಪ. ಅದು ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ್ದು. ಹಾಳೆಯಂತಹ ತೆಳು ಹಳದಿ-ಹಸಿರು ಹೊದಿಕೆಯೊಳಗೆ ನೇರಳೆ ಬಣ್ಣದ ಹೂಗಳು ಅಡಗಿರುತ್ತವೆ. ಹೆಸರು ಒಂದೇ ಆದರೂ ನೋಟದಲ್ಲಿ ಹೋಲಿಕೆಯೇ ಇಲ್ಲ.

ಹಾಗಿದ್ದರೂ ಜನ ನಂಬುವುದೇಕೆ? ಗುರುತು ಹಿಡಿಯಲು ಬೇಕಾದದ್ದೆಲ್ಲ ಕ್ರಾಪ್‌ನಲ್ಲಿ ಹೋಗಿರುತ್ತದೆ. ಎಲೆಯಂತೆ ಕಾಣುವ ಚಪ್ಪಟೆ ಕಾಂಡ, ಅದರ ಅಂಚಿನಿಂದಲೇ ಹೊರಟು ಬಾಗಿದ ಉದ್ದನೆಯ ತೊಟ್ಟು, ಕೆಳಗಿನ ಪೇಂಟ್ ಡಬ್ಬದ ಕುಂಡ ಯಾವುದೂ ಕಾಣುವುದಿಲ್ಲ. ಪೇಂಟ್ ಡಬ್ಬ ಕಂಡಿದ್ದರೆ ಹಿಮಾಲಯದ ಮಾತನ್ನು ಯಾರು ನಂಬುತ್ತಿದ್ದರು!

ಆದ್ದರಿಂದ ಮೊದಲು ಗಿಡ ಪೂರ್ತಿ ಕಾಣುವಂತೆ ಒಂದು ಫೋಟೊ ತೆಗೆಯಿರಿ. ಹೂವಿನ ಪಕ್ಕ ಯಾರದಾದರೂ ಅಂಗೈ ಇದ್ದರೆ ಗಾತ್ರವೂ ತಿಳಿಯುತ್ತದೆ. ಆಮೇಲೆ ಹತ್ತಿರ ಹೋಗಿ, ಆದರೆ ಮೊಬೈಲನ್ನು ಹೂವಿಗೆ ತಾಗಿಸುವಷ್ಟಲ್ಲ. ತೀರಾ ಹತ್ತಿರವಾದರೆ ಲೆನ್ಸ್‌ಗೆ ಫೋಕಸ್ ಸಿಗದು. ಚಿತ್ರ ಮಸುಕಾದರೆ ಒಂದು ಗೇಣು ಹಿಂದೆ ಸರಿಯಿರಿ. ನೇರ ಫ್ಲ್ಯಾಶ್ ಬಿಳಿ ದಳಗಳನ್ನು ಸುಣ್ಣದ ಗೋಡೆಯಂತೆ ಮಾಡಿಬಿಡುತ್ತದೆ. ಫ್ಲ್ಯಾಶ್ ಆರಿಸಿ, ಇನ್ನೊಬ್ಬರಿಗೆ ಪಕ್ಕದಿಂದ ಟಾರ್ಚ್ ಹಿಡಿಯಲು ಹೇಳಿ. ಹೂವಿನ ನಡುವೆ ನಕ್ಷತ್ರದಂತೆ ಚಾಚಿರುವ ಶಲಾಕಾಗ್ರದ ಮೇಲೆ ಪರದೆ ಮುಟ್ಟಿ ಫೋಕಸ್ ಮಾಡಿ, ಬೆಳಕನ್ನು ಸ್ವಲ್ಪ ತಗ್ಗಿಸಿ. ಆಗ ದಳದ ಗೆರೆಗಳು ಮೂಡುತ್ತವೆ.

ಹೂವು ಮುಖ ಮಾಡಿರುವ ಕಡೆ ಹೆಚ್ಚು ಜಾಗ ಬಿಟ್ಟು ಕ್ರಾಪ್ ಮಾಡಿ. ದಳಗಳನ್ನು ಪೂರ್ತಿ ಉಳಿಸಿ, ಇಲ್ಲವೇ ಧೈರ್ಯವಾಗಿ ಒಳಗೇ ಕತ್ತರಿಸಿ. ತುದಿ ಮಾತ್ರ ಹೋದರೆ ಕೈತಪ್ಪಿದಂತೆ ಕಾಣುತ್ತದೆ. ಲೆಕ್ಕವೂ ನೆನಪಿರಲಿ: 4000 x 3000 ಪಿಕ್ಸೆಲ್‌ನ ಫೋಟೊವನ್ನು ಅಗಲ, ಎತ್ತರ ಎರಡರಲ್ಲೂ ಅರ್ಧಕ್ಕಿಳಿಸಿದರೆ ಉಳಿಯುವುದು ಕಾಲು ಭಾಗ, ಅಂದರೆ 12ರಲ್ಲಿ 3 ಮೆಗಾಪಿಕ್ಸೆಲ್. ಕಳಿಸುವಾಗ ವಾಟ್ಸ್ಆ್ಯಪ್ ಇನ್ನಷ್ಟು ಕುಗ್ಗಿಸುತ್ತದೆ.

ಕ್ರಾಪ್ ಒಂದರಿಂದಲೇ ಎಷ್ಟು ದೂರ ಹೋಗಬಹುದು ಎನ್ನುವುದಕ್ಕೆ, 36 ವರ್ಷಕ್ಕೊಮ್ಮೆ ಅರಳುವ ನಾಗಪುಷ್ಪ ಎಂದು ಹರಿದಾಡಿದ ಚಿತ್ರವೇ ಸಾಕು. ಅದು ಹೂವೇ ಅಲ್ಲ. ಸೀ ಪೆನ್ ಎಂಬ ಕಡಲಜೀವಿ. ಸುತ್ತಲಿನ ಸಮುದ್ರ ಚಿತ್ರದಲ್ಲಿರಲಿಲ್ಲ, ಅಷ್ಟೆ.

ಈ ಸಲ ನಿಮ್ಮ ಮನೆಯಲ್ಲಿ ಬ್ರಹ್ಮಕಮಲ ಅರಳಿದರೆ ಎರಡು ಚಿತ್ರ ಕಳಿಸಿ: ಚೆಂದಕ್ಕೆ ಕ್ರಾಪ್ ಮಾಡಿದ್ದೊಂದು, ಕುಂಡ ಸಮೇತ ಇನ್ನೊಂದು. ಜೊತೆಗೆ ಬಡಾವಣೆಯ ಹೆಸರು, ತಾರೀಕು. ಬೆಳಗಾಗುವಷ್ಟರಲ್ಲಿ ಹೂವು ಜೋತುಬಿದ್ದಿರುತ್ತದೆ, ರಾತ್ರಿಯೇ ತೆಗೆದುಬಿಡಿ.