ಪೀಪಾಯಿಯ ರುಚಿ, ಇಂಡಿಯಾದ ಹೆಸರು

ಓಕ್ ಮರದ ಸಹವಾಸದಲ್ಲಿ ಹದಗೊಂಡ ಇಂಡಿಯಾ ಪೇಲ್ ಏಲ್ ಎಂಬ ಬಿಯರನ್ನು ಗಾಜಿನ ಲೋಟಕ್ಕೆ ಬಗ್ಗಿಸಿದಾಗ ಮೊದಲು ಗಮನ ಸೆಳೆಯುವುದು ಅದರ ಬಣ್ಣ. ಹೆಸರಿನಲ್ಲಿ ‘ಪೇಲ್’ ಎಂದಿದ್ದರೂ ದ್ರವ ತಿಳಿಯಾಗಿಲ್ಲ. ತಿಕ್ಕಿ ಬೆಳಗಿದ ತಾಮ್ರದ ಚೊಂಬಿನ ಬಣ್ಣ ಅದರದು. ಈ ಹೆಸರು ಹುಟ್ಟಿದ ಕಾಲದಲ್ಲಿ ಲಂಡನ್ನಿನ ಜನ ಕುಡಿಯುತ್ತಿದ್ದುದು ಕಪ್ಪನೆಯ ಪೋರ್ಟರ್ ಬಿಯರನ್ನು. ಅದರ ಪಕ್ಕದಲ್ಲಿಟ್ಟರೆ ತಾಮ್ರವೂ ತಿಳಿಯೇ. ಲೋಟವನ್ನು ಮೂಗಿನ ಬಳಿ ತಂದರೆ ಮೊದಲು ವೆನಿಲಾ, ಅದರ ಬೆನ್ನಿಗೆ ಒಣಕೊಬ್ಬರಿ, ಅವೆರಡರ ಮರೆಯಿಂದ ಹಾಪ್ಸ್ ಹೂವಿನ ಕಿತ್ತಳೆಸಿಪ್ಪೆಯಂಥ ಗಮಲು. ನಾಲಗೆಯ ಮೇಲೆ ಮೊಳಕೆ ಕಟ್ಟಿ ಹುರಿದ ಬಾರ್ಲಿಯ ಸಿಹಿ ಒಂದು ಕ್ಷಣ ನಿಂತು, ಕಹಿಗೆ ದಾರಿ ಬಿಟ್ಟುಕೊಡುತ್ತದೆ. ಎಲ್ಲ ಮುಗಿಯಿತೆನ್ನುವಾಗ ಒಸಡನ್ನು ಹಿಡಿದುಕೊಳ್ಳುವ ಒಗರು.

ಕನ್ನಡದ ನಾಲಗೆಗೆ ಕಹಿಯೂ ಒಗರೂ ಬೇರೆಬೇರೆ ಎಂಬುದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಹಾಗಲಕಾಯಿಯದು ಕಹಿ, ನೇರಳೆಹಣ್ಣಿನದು ಒಗರು. ಅಡುಗೆಮನೆಯಲ್ಲಿ ಯಾರೂ ಅವನ್ನು ಬೆರೆಸಿ ಹೇಳುವುದಿಲ್ಲ. ಈ ಬಿಯರಿನಲ್ಲಿ ಕಹಿ ಹಾಪ್ಸಿನದು, ಒಗರು ಬಹುಪಾಲು ಮರದ್ದು. (ಸಾಹಿತ್ಯದ ಜಾಗದಲ್ಲಿ ಮದ್ಯದ ರುಚಿಯ ಮಾತೇಕೆ ಎಂದು ಹುಬ್ಬೇರಿಸುವವರಿಗೆ, ಮಹಾಕಾವ್ಯದ ಅಷ್ಟಾದಶವರ್ಣನೆಗಳಲ್ಲಿ ಮಧುಪಾನವೂ ಒಂದೆಂಬುದನ್ನು ನೆನಪಿಸಬಹುದು.) ನನಗೆ ಈ ಪೇಯ ಹಿಡಿಸಿತು. ಹಿಡಿಸದೆ ಹೋದದ್ದು ಇಂಥ ಸೀಸೆಗಳ ಬೆನ್ನಮೇಲೆ ಸಾಮಾನ್ಯವಾಗಿ ಅಚ್ಚಾಗುವ ಕತೆ. ಬಿಸಿಲಿನಲ್ಲಿ ಬಾಯಾರಿದ ಇಂಗ್ಲಿಷ್ ಸಿಪಾಯಿಗಳಿಗಾಗಿ ಈ ಬಿಯರನ್ನು ಕಂಡುಹಿಡಿಯಲಾಯಿತಂತೆ. ಓಕ್ ಪೀಪಾಯಿಗಳಲ್ಲಿ ತಿಂಗಳುಗಟ್ಟಲೆ ಸಮುದ್ರ ದಾಟುವಾಗ ಮರದ ಪರಿಮಳ ಅದಕ್ಕೆ ಇಳಿಯಿತಂತೆ. ಈಗ ನಾವು ಕುಡಿಯುತ್ತಿರುವುದು ಆ ಪ್ರಯಾಣದ ರುಚಿಯನ್ನೇ ಅಂತೆ. ಪೀಪಾಯಿ ನಿಜ, ಪ್ರಯಾಣ ನಿಜ. ವೆನಿಲಾ ಆ ಪ್ರಯಾಣದ್ದಲ್ಲ, ಸಿಪಾಯಿಯೂ ಬಹುಮಟ್ಟಿಗೆ ಕಲ್ಪನೆ.

ಈ ಕತೆಯಲ್ಲಿ ಎಲ್ಲರಿಗಿಂತ ಮೊದಲು ಬರುವ ಹೆಸರು ಜಾರ್ಜ್ ಹಾಡ್ಜ್‌ಸನ್. ಲಂಡನ್ನಿನ ಪೂರ್ವಭಾಗದ ಬೋ ಎಂಬಲ್ಲಿ, ಲೀ ನದಿಯ ದಡದಲ್ಲಿ, ಅವನು 1752ರಲ್ಲಿ ಬಿಯರಿನ ಭಟ್ಟಿಮನೆ ತೆರೆದ. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ನಿಲ್ಲುತ್ತಿದ್ದ ಬ್ಲ್ಯಾಕ್‌ವಾಲ್ ಅಲ್ಲಿಂದ ಹತ್ತಿರ. ಅವನ ಭಾಗ್ಯವೆಲ್ಲ ಈ ನೆರೆಹೊರೆಯಲ್ಲಿತ್ತು. ಕಂಪನಿಯ ಹಡಗಿನ ಕಪ್ತಾನರಿಗೆ ಸ್ವಂತ ವ್ಯಾಪಾರಕ್ಕೆಂದು ಹಡಗಿನಲ್ಲಿ ಒಂದಿಷ್ಟು ಜಾಗ ಸಲ್ಲುತ್ತಿತ್ತು. ಚೀನಾಬಜಾರು, ಟೋಪಿ, ಹ್ಯಾಮು, ಗಿಣ್ಣುಗಳ ಜೊತೆಗೆ ಬಿಯರನ್ನೂ ತುಂಬಿಕೊಂಡು ಬಂದು ಅವರು ಇಲ್ಲಿ ಮಾರುತ್ತಿದ್ದರು. ಹಾಡ್ಜ್‌ಸನ್ ಮನೆತನ ಅವರಿಗೆ ಹನ್ನೆರಡು, ಹದಿನೆಂಟು ತಿಂಗಳ ಸಾಲದ ಮೇಲೆ ಮಾಲು ಕೊಡುತ್ತಿತ್ತು. ಹೋಗಿ ಮಾರಿ ಬಂದು ಹಣ ಕೊಡುವ ಅನುಕೂಲವಿದ್ದಾಗ ಯಾವ ಕಪ್ತಾನ ಬೇರೆ ಬಾಗಿಲು ತಟ್ಟಿಯಾನು?

ಹಾಡ್ಜ್‌ಸನ್ ಹೊಸ ಬಗೆಯ ಬಿಯರನ್ನು ಕಂಡುಹಿಡಿದ ಎಂಬುದಕ್ಕೆ ಆಧಾರವಿಲ್ಲ. ಬಿಯರಿನ ಇತಿಹಾಸದ ದಂತಕತೆಗಳನ್ನು ಒಂದೊಂದಾಗಿ ದಾಖಲೆಗೆ ಹಚ್ಚಿ ನೋಡಿದ ಮಾರ್ಟಿನ್ ಕಾರ್ನೆಲ್ ಇದನ್ನು ವಿವರವಾಗಿ ತೋರಿಸಿಕೊಟ್ಟಿದ್ದಾರೆ. ತಿಳಿಬಣ್ಣದ ಏಲ್ ಅವನಿಗಿಂತ ಮೊದಲೇ ಇತ್ತು. ಬಿಸಿ ನಾಡುಗಳಿಗೆ ಹೋಗುವ ಬಿಯರಿಗೆ ಹಾಪ್ಸನ್ನು ಹೆಚ್ಚಾಗಿ ಹಾಕಬೇಕೆಂಬ ಸಲಹೆ 1760ರ ದಶಕದಲ್ಲೇ ಭಟ್ಟಿಯವರಿಗೆ ಸಿಗುತ್ತಿತ್ತು. ಹಾಪ್ಸಿನ ಕಹಿ ಬಿಯರನ್ನು ಹುಳಿಗೊಳಿಸುವ ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆಯಾದ್ದರಿಂದ ಆ ಸಲಹೆ ಸರಿಯೇ ಆಗಿತ್ತು. 1784ರ ಕಲ್ಕತ್ತಾ ಗೆಜೆಟ್ಟಿನ ಜಾಹೀರಾತಿನಲ್ಲಿ ಪೇಲ್ ಏಲ್ ಕಾಣಿಸಿಕೊಳ್ಳುತ್ತದೆ. ಹಾಡ್ಜ್‌ಸನ್ನನ ಹೆಸರು ಅದೇ ಪತ್ರಿಕೆಯಲ್ಲಿ ಬರುವುದು 1793ರಲ್ಲಿ. ‘ಈಸ್ಟ್ ಇಂಡಿಯಾ ಪೇಲ್ ಏಲ್’ ಎಂಬ ಪೂರ್ತಿ ಹೆಸರಿನ ಹಳೆಯ ಉಲ್ಲೇಖ ದೊರೆತಿರುವುದಂತೂ ಕಲ್ಕತ್ತೆಯಲ್ಲೂ ಅಲ್ಲ, ಲಂಡನ್ನಿನಲ್ಲೂ ಅಲ್ಲ. 1829ರ ಸಿಡ್ನಿಯ ಪತ್ರಿಕೆಯೊಂದರಲ್ಲಿ. ಇಂಡಿಯಾದಲ್ಲಿ ಕುಡಿಯುವವರಿಗೆ ಅದನ್ನು ‘ಇಂಡಿಯಾದ ಬಿಯರು’ ಎಂದು ಕರೆಯುವ ಅಗತ್ಯವಾದರೂ ಏನಿತ್ತು?

1820ರ ಸುಮಾರಿಗೆ ಹಾಡ್ಜ್‌ಸನ್ ಮನೆತನದ ಮುಂದಿನ ತಲೆಮಾರು ಕಪ್ತಾನರನ್ನು ಬದಿಗಿಟ್ಟು ತಾವೇ ಮಾರಲು ಹೊರಟು, ಸಾಲ ನಿಲ್ಲಿಸಿ, ಬೆಲೆ ಏರಿಸಿತು. ಕಂಪನಿಯ ನಿರ್ದೇಶಕ ಕ್ಯಾಂಪ್‌ಬೆಲ್ ಮಾರ್ಜೊರಿಬ್ಯಾಂಕ್ಸ್ ಬರ್ಟನ್ ಊರಿನ ಭಟ್ಟಿಯ ಒಡೆಯ ಸ್ಯಾಮುಯೆಲ್ ಆಲ್ಸಪ್‌ನನ್ನು ಊಟಕ್ಕೆ ಕರೆದು, ಇಂಥ ಬಿಯರು ನಿಮ್ಮಿಂದಾದೀತೇ ಎಂದು ಕೇಳಿದನಂತೆ. ಆಲ್ಸಪ್‌ನ ನೌಕರ ಜಾಬ್ ಗುಡ್‌ಹೆಡ್ ಅದರ ಮಾದರಿಯನ್ನು ಮೊದಲು ಚಹದ ಕೆಟಲಿನಲ್ಲಿ ಕುದಿಸಿ ನೋಡಿದನೆಂಬುದು ಬರ್ಟನ್ನಿನವರು ಇಂದಿಗೂ ಬಿಡದೆ ಹೇಳುವ ಕತೆ. ಕೆಟಲಿನ ಮಾತು ಹೇಗಾದರೂ ಇರಲಿ, ರಷ್ಯದ ಸುಂಕದಿಂದ ಬಾಲ್ಟಿಕ್ ಮಾರುಕಟ್ಟೆ ಕಳೆದುಕೊಂಡಿದ್ದ ಬರ್ಟನ್ನಿಗೆ ಇಂಡಿಯಾ ಬೇಕಾಗಿತ್ತು. ಜಿಪ್ಸಮ್ ಕರಗಿದ ಅಲ್ಲಿನ ಬಾವಿನೀರು ಹಾಪ್ಸಿನ ಕಹಿಯನ್ನು ಲಂಡನ್ನಿನ ನೀರಿಗಿಂತ ಚೊಕ್ಕಟವಾಗಿ ಎತ್ತಿಹಿಡಿಯುತ್ತಿತ್ತು. ಆಲ್ಸಪ್‌ನ ಹಿಂದೆಯೇ ಬಾಸ್ ಬಂದ. ಹತ್ತು ಹದಿನೈದು ವರ್ಷಗಳಲ್ಲಿ ಹಾಡ್ಜ್‌ಸನ್ ಮನೆತನದ ಆಟ ಮುಗಿಯಿತು.

ಈ ಬಿಯರೆಲ್ಲ ಬಂದದ್ದು ಪೀಪಾಯಿಗಳಲ್ಲಿ. ಪೀಪಾಯಿ ಎಂಬ ನಮ್ಮ ಮಾತೇ ಪೋರ್ಚುಗೀಸರ ‘ಪಿಪಾ’ದಿಂದ ಬಂದದ್ದು, ಇಂಗ್ಲಿಷರ ಬಿಯರಿಗಿಂತ ಬಹಳ ಮೊದಲೇ ಪಶ್ಚಿಮ ಕರಾವಳಿಗೆ ಬೇರೆ ಹಡಗುಗಳು ತಂದ ವಸ್ತುವಿನ ಹೆಸರು. ಬಿಯರಿನ ದೊಡ್ಡ ಪೀಪಾಯಿಗೆ ಹಾಗ್ಸ್‌ಹೆಡ್ ಎಂದು ಹೆಸರು; ಹಿಡಿಯುವುದು 54 ಗ್ಯಾಲನ್, ಸುಮಾರು 245 ಲೀಟರು. ಅದನ್ನು ಓಕ್ ಹಲಗೆಗಳಿಂದ ಕಟ್ಟಿ ಕಬ್ಬಿಣದ ಪಟ್ಟಿ ಬಿಗಿಯುತ್ತಿದ್ದರು. ಆದರೆ ಯಾವ ಓಕ್ ಎಂಬುದರಲ್ಲಿ ಎಲ್ಲ ಇದೆ. ಇಂಗ್ಲೆಂಡಿನ ಏಲ್ ಭಟ್ಟಿಯವರು ಮೆಚ್ಚುತ್ತಿದ್ದುದು ಬಾಲ್ಟಿಕ್ ತೀರದ ಮೆಮೆಲ್ ಬಂದರಿನಿಂದ, ಅಂದರೆ ಈಗಿನ ಲಿಥುವೇನಿಯಾದ ಕ್ಲೈಪೇಡಾದಿಂದ ಬರುತ್ತಿದ್ದ ಓಕ್. ಚಳಿನಾಡಿನಲ್ಲಿ ನಿಧಾನವಾಗಿ ಬೆಳೆದ ಮರ, ಒತ್ತಾದ ಎಳೆ. ಅದರ ದೊಡ್ಡ ಗುಣ ರುಚಿ ಬಿಡದಿರುವುದು. ಅಮೆರಿಕದ ಓಕ್ ಸಿಗುತ್ತಿತ್ತು; ಅದು ಬಿಯರಿಗೆ ತನ್ನ ವಾಸನೆ ಹತ್ತಿಸುತ್ತದೆಂದು ಹೆಚ್ಚಿನವರು ಅದನ್ನು ದೂರವಿಟ್ಟರು. ಮೆಮೆಲ್ ಮರದ್ದಾದರೂ ಹೊಸ ಪೀಪಾಯಿಯನ್ನು ನೇರವಾಗಿ ತುಂಬುತ್ತಿರಲಿಲ್ಲ. ಕುದಿನೀರಿನಿಂದ, ಉಗಿಯಿಂದ ಮತ್ತೆಮತ್ತೆ ತೊಳೆದು ಮರದ ಗುಣವನ್ನು ತೆಗೆಯುತ್ತಿದ್ದರು. ಮರಳಿ ಬಂದ ಪೀಪಾಯಿಗಳ ಬಾಯಿಗೆ ಮೂಗಿಟ್ಟು ಪರೀಕ್ಷಿಸುವುದಕ್ಕೇ ಭಟ್ಟಿಗಳಲ್ಲಿ ಆಳುಗಳಿದ್ದರು.

ಹಿತ್ತಾಳೆಯ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದ ಮನೆಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಾರಿಗೆ ಪಾತ್ರೆಯ ಕಿಲುಬು ಇಳಿಯಬಾರದು ಎಂಬ ಎಚ್ಚರವೇ ಅಲ್ಲಿಯೂ ಇದ್ದದ್ದು. ಇಂದು ಸೀಸೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುವ ಆ ವೆನಿಲಾ, ಆ ಕೊಬ್ಬರಿ, 1830ರ ಬರ್ಟನ್ನಿನ ಭಟ್ಟಿಯಲ್ಲಿ ಹೊಮ್ಮಿದ್ದರೆ ಪೀಪಾಯಿ ಕಟ್ಟಿದವನನ್ನು ಕರೆಸಿ ಕೇಳುತ್ತಿದ್ದರು.

ಈಗಿನ ಆ ಪರಿಮಳ ಎಲ್ಲಿಂದ ಬಂತು ಎಂಬುದಕ್ಕೂ ಉತ್ತರವಿದೆ. ಓಕ್ ಮರವನ್ನು ಬೆಂಕಿಯಲ್ಲಿ ಕಾಯಿಸಿದಾಗ ಅದರ ಲಿಗ್ನಿನ್ ಒಡೆದು ವೆನಿಲಿನ್ ಉಂಟಾಗುತ್ತದೆ. ಕೊಬ್ಬರಿಯ ವಾಸನೆ ಬರುವುದು ಓಕಿನ ಲ್ಯಾಕ್ಟೋನ್ ಎಂಬ ವಸ್ತುವಿನಿಂದ, ಅದು ಅಮೆರಿಕದ ಬಿಳಿ ಓಕಿನಲ್ಲಿ ಧಾರಾಳ. ಬರ್ಬನ್ ವಿಸ್ಕಿಯನ್ನು ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಗಳಲ್ಲೇ ಇಡಬೇಕೆಂಬುದು ಅಲ್ಲಿನ ಕಾನೂನು. ಒಮ್ಮೆ ಬಳಸಿದ ಪೀಪಾಯಿ ಬರ್ಬನ್ನಿಗೆ ಮತ್ತೆ ಸಲ್ಲದು. ಹೀಗೆ ಹೊರಬೀಳುವ ಪೀಪಾಯಿಗಳನ್ನು ಸ್ಕಾಚ್ ತಯಾರಿಸುವವರು ಕೊಂಡರು, ಅವರ ಹಿಂದೆ ಬಿಯರಿನವರೂ ಕೊಂಡರು. ಪೀಪಾಯಿಯ ಖರ್ಚು ಬೇಡವೆನ್ನುವವರು ಓಕಿನ ಚಕ್ಕೆಗಳನ್ನು ಚಹಾಪುಡಿಯಂತೆ ಬಿಯರಿನಲ್ಲಿ ನೆನೆಹಾಕುತ್ತಾರೆ. ಇದರಲ್ಲಿ ಅಪರಾಧವೇನೂ ಇಲ್ಲ. ಇದು ವಿಸ್ಕಿಯಿಂದ ಎರವಲು ತಂದ ರುಚಿ ಎಂದು ಹೇಳಿದರೆ ಸಾಕು. ಹಾಯಿಹಡಗಿನ ಚಿತ್ರ ಬೇಕಿಲ್ಲ.

ಹಾಗಾದರೆ ಆ ದೀರ್ಘಪ್ರಯಾಣದಲ್ಲಿ ಬಿಯರಿಗೆ ಏನೂ ಆಗುತ್ತಿರಲಿಲ್ಲವೇ? ಆಗುತ್ತಿತ್ತು. ಹಡಗು ಆಫ್ರಿಕದ ಗುಡ್ ಹೋಪ್ ಭೂಶಿರವನ್ನು ಸುತ್ತಿ, ಭೂಮಧ್ಯರೇಖೆಯನ್ನು ಎರಡು ಬಾರಿ ದಾಟಿ, ನಾಲ್ಕರಿಂದ ಆರು ತಿಂಗಳಲ್ಲಿ ಬಂದು ಸೇರುತ್ತಿತ್ತು. ಒಳಗೆ ಕೆಲಸ ಮಾಡುತ್ತಿದ್ದುದು ಮರದ ರಂಧ್ರಗಳಲ್ಲಿ ಮನೆಮಾಡಿಕೊಂಡ ಒಂದು ಯೀಸ್ಟು. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ನೀಲ್ಸ್ ಯೆಲ್ಟೆ ಕ್ಲೌಸೆನ್ ಇಂಗ್ಲೆಂಡಿನ ಹಳೆಯ ಬಿಯರುಗಳಿಂದ ಅದನ್ನು ಬೇರ್ಪಡಿಸಿ, 1904ರಲ್ಲಿ ಲಂಡನ್ನಿನ ಭಟ್ಟಿಯವರ ಮುಂದೆ ಅದರ ವಿಚಾರ ಮಂಡಿಸಿದ. ‘ಬ್ರಿಟಿಷ್ ಶಿಲೀಂಧ್ರ’ ಎಂಬ ಅರ್ಥದ ಬ್ರೆಟನೊಮೈಸೀಸ್ ಎಂಬ ಹೆಸರನ್ನೂ ಇಟ್ಟ. ಸಾಮಾನ್ಯ ಯೀಸ್ಟು ತಿನ್ನಲಾರದೆ ಬಿಟ್ಟ ಸಕ್ಕರೆಯ ಉಳಿಕೆಯನ್ನು ಇದು ತಿಂಗಳುಗಟ್ಟಲೆ ನಿಧಾನವಾಗಿ ತಿನ್ನುತ್ತದೆ. ಸಿಹಿ ಅಳಿದು ನೊರೆ ಹೆಚ್ಚುತ್ತದೆ. ಚರ್ಮದ, ಕುದುರೆಲಾಯದ ವಾಸನೆ ಸೇರುತ್ತದೆ. ಕಂಪನಿಯ ಕಾಲದ ಬಿಯರನ್ನು ಇಂದು ಯಾರಾದರೂ ನಮ್ಮ ಮುಂದಿಟ್ಟರೆ, ಸಿಹಿಯಿಲ್ಲದೆ ನೊರೆಯುಕ್ಕುವ, ಮೂಗಿಗೆ ಲಾಯವನ್ನು ನೆನಪಿಸುವ ಅದನ್ನು ಕೆಟ್ಟುಹೋದದ್ದೆಂದು ಹಿಂದಿರುಗಿಸುವವರೇ ಹೆಚ್ಚು. ಪೀಪಾಯಿಯ ಮರ ರುಚಿ ಕೊಡಲಿಲ್ಲ, ರುಚಿ ಕೊಡುವ ಜೀವಿಗೆ ಇಂಬು ಕೊಟ್ಟಿತು.

ಹಡಗಿನಿಂದ ಇಳಿದ ಮೇಲಿನ ಇತಿಹಾಸವನ್ನು ಸೀಸೆಯ ಕತೆಗಳು ಹೇಳುವುದೇ ಇಲ್ಲ. ಮೊದಲನೆಯದಾಗಿ, ಸಿಪಾಯಿ. ಗೋರಾ ಪಲ್ಟನ್ನಿನ ಸಾಮಾನ್ಯ ಸೈನಿಕನಿಗೆ ಸಿಗುತ್ತಿದ್ದುದು ಇಲ್ಲಿಯ ಸಾರಾಯಿ, ಇಲ್ಲವೇ ಪೋರ್ಟರ್. ಪೇಲ್ ಏಲ್ ಅಧಿಕಾರಿಗಳ ಮೇಜಿನ, ವ್ಯಾಪಾರಿಗಳ ಬಂಗಲೆಯ ಪೇಯ. ಪೀಪಾಯಿಯಲ್ಲಿ ಬಂದದ್ದನ್ನು ಇಲ್ಲಿ ಸೀಸೆಗಳಿಗೆ ತುಂಬಬೇಕಾಗಿತ್ತು. ಗಾಜಿನ ಸೀಸೆ ಇಲ್ಲಿ ಸುಲಭವಾಗಿ ಸಿಗುವ ವಸ್ತುವಾಗಿರಲಿಲ್ಲ. ಖಾಲಿ ಸೀಸೆಗಳನ್ನು ಕೊಂಡು, ತೊಳೆದು, ಮರಳಿ ಮಾರುವುದೇ ಒಂದು ವ್ಯಾಪಾರವಾಯಿತು. ಮುಂಬಯಿಯಲ್ಲಿರುವ ನಮಗೆ ಜೆ.ಜೆ. ಆಸ್ಪತ್ರೆ, ಜೆ.ಜೆ. ಕಲಾಶಾಲೆಗಳ ಹೆಸರು ದಿನವೂ ಕಿವಿಗೆ ಬೀಳುತ್ತದೆ. ಆ ಜಮ್ಷೆಟ್‌ಜೀ ಜೀಜೀಭಾಯಿ ಹುಡುಗನಾಗಿದ್ದಾಗ ಕೆಲಸ ಕಲಿತದ್ದು ತನ್ನ ಬಂಧು ಫ್ರಾಮ್‌ಜೀ ನಸರ್ವಾನ್‌ಜೀ ಬಾಟ್ಲಿವಾಲಾ ಅವರ ಸೀಸೆ ವ್ಯಾಪಾರದಲ್ಲಿ. ಕೆಲಕಾಲ ಅವರೂ ಬಾಟ್ಲಿವಾಲಾ ಎಂದೇ ಕರೆಸಿಕೊಂಡರು. ಅವರ ಸಂಪತ್ತು ಬೆಳೆದದ್ದು ಚೀನಾ ವ್ಯಾಪಾರದಿಂದ, ಸೀಸೆಯಿಂದಲ್ಲ. ಆದರೂ ಯೂರೋಪಿನ ಮದ್ಯ ಈ ನೆಲಕ್ಕೆ ಬಂದಾಗ ಇಲ್ಲಿಯವರ ಕೈಗೆ ಸಿಕ್ಕ ಭಾಗ ಯಾವುದೆಂದು ಆ ಅಡ್ಡಹೆಸರು ಹೇಳುತ್ತದೆ.

ಕುಡಿಯುವ ಹೊತ್ತಿಗೆ ಅದನ್ನು ತಣ್ಣಗಾಗಿಸಬೇಕು. ಅದಕ್ಕೆ ಆಬ್‌ದಾರ ಎಂಬ ಸೇವಕನಿದ್ದ. ಪೆಟ್ಲುಪ್ಪನ್ನು ನೀರಿಗೆ ಹಾಕಿದರೆ ಅದು ಕರಗುವಾಗ ನೀರಿನ ಶಾಖವನ್ನು ಎಳೆದುಕೊಳ್ಳುತ್ತದೆ. ಆ ನೀರಿನಲ್ಲಿ ಸೀಸೆಯನ್ನು ಹಿಡಿದು ತಿರುಗಿಸುತ್ತ ಕೂರುವುದು ಅವನ ಕೆಲಸ. ಮದ್ದುಗುಂಡಿಗೆ ಬೇಕಾದ ಉಪ್ಪೇ ಬಿಯರನ್ನೂ ತಂಪಾಗಿಸುತ್ತಿತ್ತು. ಈ ಆಬ್‌ದಾರನ ಉದ್ಯೋಗ ಅಳಿಯತೊಡಗಿದ್ದು 1833ರಲ್ಲಿ, ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಕಳಿಸಿದ ಮಂಜುಗಡ್ಡೆಯ ಹಡಗು ಕಲ್ಕತ್ತೆಗೆ ಬಂದಾಗ. ಮದರಾಸಿನ ಕಡಲ ದಂಡೆಯಲ್ಲಿ ಅದೇ ಮಂಜುಗಡ್ಡೆಯನ್ನಿಡಲು 1842ರಲ್ಲಿ ಕಟ್ಟಿದ ಐಸ್ ಹೌಸ್ ಇಂದು ವಿವೇಕಾನಂದರ ಸ್ಮಾರಕವಾಗಿ ನಿಂತಿದೆ. ಚೆನ್ನೈನ ಓದುಗರು ಅದರ ಮುಂದೆ ಎಷ್ಟು ಸಲ ಹಾದುಹೋಗಿದ್ದಾರೋ.

ಇದೇ ಶತಮಾನದಲ್ಲಿ ಈ ನೆಲದ ಸ್ವಂತ ಪೇಯಗಳಿಗೆ ಒದಗಿದ ಗತಿ ಬೇರೆಯದು. ಅಬಕಾರಿ ಸರ್ಕಾರದ ದೊಡ್ಡ ಆದಾಯವಾಯಿತು. ಮುಂಬಯಿ ಪ್ರಾಂತದ 1878ರ ಅಬಕಾರಿ ಕಾಯಿದೆಯಾದ ಮೇಲೆ ಈಚಲು, ತೆಂಗು, ತಾಳೆಗಳ ಸೇಂದಿ ಇಳಿಸುವವನ ಒಂದೊಂದು ಮರವೂ ತೆರಿಗೆಯ ಲೆಕ್ಕಕ್ಕೆ ಬಂತು. ಮಡಕೆಯಲ್ಲಿ ಹುದುಗಿ ಸಂಜೆಯೊಳಗೆ ಹುಳಿಯಾಗುವ ಹೆಂಡಕ್ಕೆ ಇಂಡಿಯಾದ ಹೆಸರನ್ನು ಯಾರೂ ಕಟ್ಟಲಿಲ್ಲ. ಇಂಡಿಯಾದಲ್ಲಿ ಹುಟ್ಟದ ಬಿಯರಿಗೆ ಅದು ಇಂದಿಗೂ ಅಂಟಿಕೊಂಡಿದೆ.

1869ರಲ್ಲಿ ಸೂಯೆಜ್ ಕಾಲುವೆ ತೆರೆದಾಗ ತಿಂಗಳುಗಳ ಪ್ರಯಾಣ ವಾರಗಳಿಗೆ ಇಳಿಯಿತು. ಅಷ್ಟರಲ್ಲಿ ಇಲ್ಲಿನ ತಂಪು ಬೆಟ್ಟಗಳಲ್ಲೇ ಭಟ್ಟಿಗಳು ಎದ್ದಿದ್ದವು: ಕಸೌಲಿ, ಮರ್ರಿ, ದಕ್ಷಿಣಕ್ಕೆ ನೀಲಗಿರಿ. ದಕ್ಷಿಣದ ಇಂಥ ಐದು ಭಟ್ಟಿಗಳನ್ನು ಒಗ್ಗೂಡಿಸಿ 1915ರಲ್ಲಿ ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್‌ಲೆಂಡಿನವನು ಯುನೈಟೆಡ್ ಬ್ರೂವರೀಸ್ ಕಂಪನಿ ಕಟ್ಟಿದ. ಅದರ ಬಿಯರು ಬ್ರಿಟಿಷ್ ಪಡೆಗಳಿಗೆ ತಲುಪುತ್ತಿದ್ದುದು ಹಾಗ್ಸ್‌ಹೆಡ್ ಪೀಪಾಯಿಗಳಲ್ಲೇ. ಹಡಗಿನಲ್ಲಲ್ಲ, ಎತ್ತಿನ ಗಾಡಿಯಲ್ಲಿ. 1947ರಲ್ಲಿ ವಿಠಲ ಮಲ್ಯ ಆ ಕಂಪನಿಯ ಮೊದಲ ಭಾರತೀಯ ನಿರ್ದೇಶಕರಾದರು.